ಸೆವೆನ್ಸ್ ಸೀಸನ್ ಟಿಕೆಟ್ 700ರಿಂದ 1500ಕ್ಕೆ ಏರಿದೆ: ತೆಗೆಯುವುದಾ, ಬಿಡುವುದಾ?

ಕುಂಬಳೆ ಕಡೆಯ ಟೈಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ವರ್ಷಾ ವರ್ಷ ಸೆವೆನ್ಸ್, ಅಂದರೆ ಟೀಮಿಗೆ ಏಳೇ ಜನ ಆಡುವ ಫುಟ್ಬಾಲ್ ಟೂರ್ನಮೆಂಟ್ ಆಗುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಗ್ಯಾಲರಿ ಕಟ್ಟಿ, ಲೈಟ್ ಹಾಕಿ, ದಿನಕ್ಕೊಂದು ಮ್ಯಾಚಿನ ಹಾಗೆ 21 ರಾತ್ರಿ. ಎರಡು ವರ್ಷದ ಹಿಂದೆ ಗ್ಯಾಲರಿ ಸೀಸನ್ ಟಿಕೆಟಿಗೆ 700 ರೂಪಾಯಿ ಇತ್ತು. ಹೋದ ವರ್ಷ 1000 ಮಾಡಿದರು. ಈ ಸಲ 1500. ನಾವು ಮನೆಯಿಂದ ನಾಲ್ಕು ಜನ ಹೋಗುವವರು: ಅಪ್ಪ, ನಾನು, ಮಗಳು, ಮಗ. ಒಟ್ಟು 6000 ಆಯಿತು. ನನ್ನದು ಟೈಲರ್ ಅಂಗಡಿ. ಮದುವೆ ಸೀಸನ್ ಬಿಟ್ಟರೆ ಕೈಯಲ್ಲಿ ಅಷ್ಟು ಪೈಸೆ ಒಟ್ಟಿಗೆ ಇರುವುದಿಲ್ಲ.

ಬಿಡುವ ಅಂತ ಒಮ್ಮೆ ಅನಿಸಿತು. ಆದರೆ ಅಪ್ಪನಿಗೆ 76 ವರ್ಷ. ಅವರು ಬರಿಗಾಲಲ್ಲಿ ಆಡಿದ ಕಾಲದವರು. ಈಗಲೂ ಸಂಜೆ ಅನೌನ್ಸ್‌ಮೆಂಟ್ ಜೀಪ್ ಮನೆ ಮುಂದೆ ಹೋದರೆ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಅವರ ಜಾಗ ಕಾರ್ನರ್ ಧ್ವಜದ ಹತ್ತಿರ, ಕೆಳಗಿನ ಸಾಲು. ಬೈರಾಸು (ಟವೆಲ್) ಮಡಚಿ ಹಲಗೆ ಮೇಲೆ ಹಾಕಿ ಕೂತರೆ ಆಟ ಮುಗಿಯುವವರೆಗೆ ಏಳುವುದಿಲ್ಲ. ದಿನದ ಟಿಕೆಟ್ ಕೌಂಟರಿನ ನೂಕಾಟದಲ್ಲಿ ಅವರನ್ನು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಸೀಸನ್ ಟಿಕೆಟಿನವರಿಗೆ ಬೇರೆ ಗೇಟ್ ಇದೆ, ಅದಕ್ಕಾಗಿಯೇ ಇಷ್ಟು ವರ್ಷ ತೆಗೆದದ್ದು. ಇಂಥದ್ದು ನಿಮಗೂ ಆಗಿದೆಯಾ? ಏನು ಮಾಡಿದಿರಿ? ಕಮಿಟಿಯವರ ಹತ್ತಿರ ಮಾತಾಡಿದರೆ ಪ್ರಯೋಜನ ಉಂಟಾ? ಕಮಿಟಿಯಲ್ಲಿ ಇರುವವರೆಲ್ಲ ನಮ್ಮದೇ ಹುಡುಗರು, ಜಗಳ ಬೇಡ.

ಮೊಗ್ರಾಲಿನಿಂದ:

ಅಣ್ಣ, ಮೊದಲು ಲೆಕ್ಕ ಹಾಕಿ. ದಿನದ ಟಿಕೆಟ್ ಎಷ್ಟು? ನಮ್ಮಲ್ಲಿ ಮಾಮೂಲಿ ದಿನ 80, ಸೆಮಿಗೆ 100, ಫೈನಲ್ಲಿಗೆ 150. ನಿಮ್ಮಲ್ಲೂ ಹೀಗೇ ಇದ್ದರೆ, 21 ಮ್ಯಾಚಿನಲ್ಲಿ ಸೆಮಿ ಎರಡೆರಡು ಸಲ, ಅಂದರೆ ನಾಲ್ಕು. ಫೈನಲ್ ಒಂದು. ಉಳಿದದ್ದು 16. ಒಟ್ಟು 1830 ಆಗುತ್ತದೆ. ಸೀಸನ್ ಟಿಕೆಟಿನಲ್ಲಿ ಉಳಿಯುವುದು ಬರೀ 330 ರೂಪಾಯಿ. ನಾಲ್ಕು ರಾತ್ರಿ ತಪ್ಪಿದರೆ ಸಮ ಸಮ. ಐದು ತಪ್ಪಿದರೆ ನಿಮ್ಮ ಕೈಯಿಂದಲೇ ಹೋಯಿತು. ಮಕ್ಕಳು 21 ರಾತ್ರಿಯೂ ಬರುತ್ತಾರಾ? ಪರೀಕ್ಷೆ ಇಲ್ವಾ?

ನಾನು ಮೂರು ವರ್ಷದಿಂದ ಒಂದು ಟಿಕೆಟನ್ನು ತಮ್ಮನ ಜೊತೆ ಹಂಚಿಕೊಳ್ಳುತ್ತಿದ್ದೇನೆ. ಅವನಿಗೆ ರಾತ್ರಿ ಪಾಳಿ ಇದ್ದ ವಾರ ನನಗೆ, ನನಗೆ ಆಗದ ದಿನ ಅವನಿಗೆ. ನಮ್ಮದು ಪುಸ್ತಕದ ಹಾಗಿನ ಟಿಕೆಟ್, ದಿನಕ್ಕೊಂದು ಕೂಪನ್ ಹರಿದು ಕೊಡುವುದು. ಹೆಸರು ಬರೆದ ಕಾರ್ಡ್ ಆದರೆ ಈ ಉಪಾಯ ನಡೆಯುವುದಿಲ್ಲ. ತೆಗೆಯುವ ಮೊದಲು ಅದೊಂದು ಕೇಳಿ.

ಉಪ್ಪಳದಿಂದ, ಮೊದಲು ಒಂದು ಕಮಿಟಿಯಲ್ಲಿ ಇದ್ದವರು:

ನಾನು ಆರು ವರ್ಷ ಟೂರ್ನಮೆಂಟ್ ಕಮಿಟಿಯಲ್ಲಿ ಇದ್ದೆ. ಬೇರೆ ಊರಿನದ್ದು. ಖರ್ಚು ಏರಿದ್ದು ಸುಳ್ಳಲ್ಲ, ಅದನ್ನು ಮೊದಲು ಹೇಳುತ್ತೇನೆ.

ಹಿಂದೆ ಗ್ಯಾಲರಿ ಅಂದರೆ ಅಡಿಕೆ ಮರ. ಊರಿನ ತೋಟದಿಂದ ಮರ ತಂದು, ಸೀಳಿ, ಹಗ್ಗದಲ್ಲಿ ಬಿಗಿದು, ಎಂಟು ದಿನ ನಾವೇ ಕಟ್ಟುತ್ತಿದ್ದೆವು. ಸಿಬಿರು ಚುಚ್ಚಿ ಅಂಗೈ ಎಲ್ಲ ಊದಿಕೊಳ್ಳುತ್ತಿತ್ತು. 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಫೈನಲ್ ದಿನ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರಲ್ಲ, ಆ ವಿಡಿಯೊ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಕಟ್ಟಿದ್ದೂ ಅಂಥದ್ದೇ. ಮರು ವರ್ಷ ಕಬ್ಬಿಣದ ಪೈಪಿನ ಗ್ಯಾಲರಿಗೆ ಹೋದೆವು. ಅದು ಕಾಂಟ್ರಾಕ್ಟಿನ ಕೆಲಸ, ಬಾಡಿಗೆ ಜಾಸ್ತಿ. ಆ ಪೈಸೆ ಕೊಟ್ಟದ್ದಕ್ಕೆ ನನಗೆ ಬೇಸರ ಇಲ್ಲ.

ಮತ್ತೆ ಗದ್ದೆಯವರಿಗೆ ಬಾಡಿಗೆ, ಜನರೇಟರಿಗೆ ಡೀಸೆಲ್, ರೆಫ್ರಿಗಳು, ಆಂಬುಲೆನ್ಸ್, ಇನ್ಶೂರೆನ್ಸ್. ಎಲ್ಲಕ್ಕಿಂತ ದೊಡ್ಡದು ಟೀಮಿನ ಪೈಸೆ. ಫಿಫಾ ಮಂಜೇರಿ, ಸೂಪರ್ ಸ್ಟುಡಿಯೊ ಮಲಪ್ಪುರಂನಂಥ ಹೆಸರಿನ ಟೀಮ್ ಬಂದರೆ ಗ್ಯಾಲರಿ ತುಂಬುತ್ತದೆ. ಅವರಲ್ಲಿ ಘಾನಾ, ನೈಜೀರಿಯಾ, ಐವರಿ ಕೋಸ್ಟ್ ಕಡೆಯಿಂದ ಬಂದ ಆಟಗಾರರು ಇರುತ್ತಾರೆ. ಅವರ ರೂಮು, ಊಟ, ಮ್ಯಾಚಿನ ಪೈಸೆ ಎಲ್ಲ ಲೆಕ್ಕಕ್ಕೆ ಬರುತ್ತದೆ.

ಆದರೂ ಸೀಸನ್ ಟಿಕೆಟ್ ಏರಿಸಿದ್ದು ತಪ್ಪು ಅಂತಲೇ ನಾನು ಹೇಳುವುದು. ಕಾರಣ ಹೇಳುತ್ತೇನೆ. ಗ್ಯಾಲರಿಯವರಿಗೆ ಅಡ್ವಾನ್ಸ್ ಕೊಡುವುದು ಯಾವ ಪೈಸೆಯಲ್ಲಿ? ಸೀಸನ್ ಟಿಕೆಟಿನ ಪೈಸೆಯಲ್ಲಿ. ಮೈದಾನಕ್ಕೆ ಒಂದು ಕಂಬ ನೆಡುವ ಮೊದಲೇ ನೀವು ಕೊಟ್ಟಿರುತ್ತೀರಿ, ಅದೂ ಬಡ್ಡಿ ಇಲ್ಲದೆ. ಮಂಗಳವಾರ ಸಣ್ಣ ಟೀಮುಗಳ ಮ್ಯಾಚಿಗೆ ಜನ ಬರದಿದ್ದರೂ ನಿಮ್ಮ ಪೈಸೆ ಪೆಟ್ಟಿಗೆಯಲ್ಲಿ ಭದ್ರ. ಕಮಿಟಿಗೆ ನಿದ್ದೆ ಬರುವುದೇ ಸೀಸನ್ ಟಿಕೆಟಿನವರ ಧೈರ್ಯದಿಂದ. ಅಂಥವರಿಗೆ ಇನ್ನೂ ಕಡಿಮೆಗೆ ಕೊಡಬೇಕು. ದಿನದ ಟಿಕೆಟಿಗೆ ಹತ್ತು ರೂಪಾಯಿ ಏರಿಸಲಿ, ಸ್ಪಾನ್ಸರ್ ಹತ್ತಿರ ಹೋಗಲಿ, ಗಲ್ಫಿನಲ್ಲಿ ಇರುವವರ ಹತ್ತಿರ ಕೇಳಲಿ. "ಇವರು ಹೇಗೂ ಬರುತ್ತಾರೆ" ಅಂತ ಇವರ ಮೇಲೆಯೇ ಹಾಕುವುದು ಸರಿಯಲ್ಲ. ನಾವೂ ಒಂದು ವರ್ಷ ಹಾಗೇ ಮಾಡಿದ್ದೆವು. ಮರು ವರ್ಷ ಸೀಸನ್ ಟಿಕೆಟ್ ಅರ್ಧಕ್ಕರ್ಧ ಮಾರಲಿಲ್ಲ. ಅಡ್ವಾನ್ಸಿಗೆ ಮೂರು ಮಂದಿ ಹೆಂಡತಿಯ ಚಿನ್ನ ಅಡವಿಟ್ಟೆವು. ಈ ಮಾತನ್ನು ನಿಮ್ಮ ಕಮಿಟಿಯವರಿಗೆ ಹೇಳಿ. ಬೇಕಾದರೆ ನಾನೇ ಬಂದು ಹೇಳುತ್ತೇನೆ.

ಬದಿಯಡ್ಕದಿಂದ:

ಕೋಪಿಸಬೇಡಿ. 6000 ರೂಪಾಯಿಯಲ್ಲಿ ಇಬ್ಬರು ಮಕ್ಕಳಿಗೂ ಬೂಟು, ಒಂದು ಒಳ್ಳೆ ಬಾಲ್ ಬಂದು ಇನ್ನೂ ಉಳಿಯುತ್ತದೆ. ನನ್ನ ಮಗಳು ಶಾಲೆ ಟೀಮಿನಲ್ಲಿ ಆಡುತ್ತಾಳೆ. ನಾನು ಸೀಸನ್ ಟಿಕೆಟ್ ಬಿಟ್ಟು ಎರಡು ವರ್ಷ ಆಯಿತು. ಫೈನಲ್ ಮಾತ್ರ ನೋಡುತ್ತೇವೆ.

ಪೆರ್ಲದವಳು, ಈಗ ಲಿವರ್‌ಪೂಲಿನಲ್ಲಿ ನರ್ಸ್:

ನಾನು ಇಲ್ಲಿಗೆ ಬಂದು ಏಳು ವರ್ಷ. ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನ ಇರುವ ಊರು ಅಂತ ಅಣ್ಣಂದಿರಿಗೆಲ್ಲ ಹೊಟ್ಟೆಕಿಚ್ಚು. ಆದರೆ ಇಲ್ಲಿ ಸೀಸನ್ ಟಿಕೆಟಿಗೆ ಹೆಸರು ಬರೆಸಿ ಕಾಯುವವರ ಸಾಲು ವರ್ಷಗಟ್ಟಲೆ ಉದ್ದ. ನಾನು ಹೆಚ್ಚಾಗಿ ಟಿವಿಯಲ್ಲೇ ನೋಡುವುದು.

ನಿಮ್ಮ ಪ್ರಶ್ನೆ ಓದಿದಾಗ ನನ್ನ ವಾರ್ಡಿನ ಹಿರಿಯ ನರ್ಸ್ ಹೇಳಿದ ಕತೆ ನೆನಪಾಯಿತು. 2016ರ ಫೆಬ್ರವರಿ. ಹೊಸ ಮೈನ್ ಸ್ಟ್ಯಾಂಡಿನ ಕೆಲವು ಸೀಟುಗಳಿಗೆ ಒಂದು ಮ್ಯಾಚಿಗೆ 77 ಪೌಂಡ್ ಅಂತ ಕ್ಲಬ್ ಹೇಳಿತು. ದುಬಾರಿ ಸೀಸನ್ ಟಿಕೆಟ್ ಸಾವಿರ ಪೌಂಡ್ ದಾಟುತ್ತಿತ್ತು. ಸಂಡರ್‌ಲ್ಯಾಂಡ್ ಮೇಲಿನ ಮ್ಯಾಚು. ಲಿವರ್‌ಪೂಲ್ 2-0 ಮುಂದೆ. 77ನೇ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಜನ ಎದ್ದು ಹೊರಗೆ ನಡೆದರು. ಗಲಾಟೆ ಇಲ್ಲ, ಕಲ್ಲು ಇಲ್ಲ. ಆ ನರ್ಸೂ ಅವರ ಗಂಡನೂ ಮೆಟ್ಟಿಲು ಇಳಿಯುವಾಗ ಅತ್ತರಂತೆ, ಅಷ್ಟು ವರ್ಷದಲ್ಲಿ ಒಮ್ಮೆಯೂ ಮ್ಯಾಚ್ ಬಿಟ್ಟು ಬಂದವರಲ್ಲ. ಅವರು ಹೊರಗೆ ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು 2-2 ಆಯಿತು. ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿದರು. 77 ಪೌಂಡಿನ ಟಿಕೆಟ್ ಕೈಬಿಟ್ಟರು, ಎರಡು ಸೀಸನ್ ಬೆಲೆ ಏರಿಸುವುದಿಲ್ಲ ಅಂದರು. ಅದೇ ವಾರ ಜರ್ಮನಿಯಲ್ಲಿ ಡಾರ್ಟ್‌ಮುಂಡ್ ಅಭಿಮಾನಿಗಳು ಸ್ಟುಟ್‌ಗಾರ್ಟಿನ ಕಪ್ ಮ್ಯಾಚಿನಲ್ಲಿ ಟಿಕೆಟ್ ಬೆಲೆ ವಿರುದ್ಧ ಮೈದಾನಕ್ಕೆ ಟೆನಿಸ್ ಬಾಲ್ ಎಸೆದಿದ್ದರು. ಆ 2016ರಲ್ಲೇ ಪ್ರೀಮಿಯರ್ ಲೀಗಿನ ಕ್ಲಬ್‌ಗಳೆಲ್ಲ ಸೇರಿ, ಹೊರ ಊರಿನಿಂದ ಬರುವ ಎದುರು ತಂಡದ ಅಭಿಮಾನಿಗೆ 30 ಪೌಂಡಿಗಿಂತ ಜಾಸ್ತಿ ಹಾಕಬಾರದು ಅಂತ ಒಪ್ಪಿದವು. ಅಭಿಮಾನಿಗಳು ವರ್ಷಗಟ್ಟಲೆ ಬಿಡದೆ ಕೇಳಿದ್ದಕ್ಕೆ ಸಿಕ್ಕಿದ್ದು ಅದು.

ಎಲ್ಲ ಕಡೆ ಗೆದ್ದಿದ್ದಾರೆ ಅಂತಲ್ಲ. 2024ರ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನವರು ಸೀಸನ್ ನಡುವೆಯೇ ಉಳಿದ ಟಿಕೆಟುಗಳಿಗೆ 66 ಪೌಂಡ್ ಮಾಡಿದರು. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಇಲ್ಲಿ ಜನರಿಗೆ ಹೆಚ್ಚು ನೋವಾದದ್ದು ಅದೇ, ಅಜ್ಜನಿಗೂ ಮೊಮ್ಮಗನಿಗೂ ರಿಯಾಯಿತಿ ಇಲ್ಲ ಅನ್ನುವುದು.

ಅಣ್ಣ, ನೀವು ಕೇಳುವುದಾದರೆ ಬೆಲೆ ಇಳಿಸಿ ಅಂತ ಒಂದೇ ಮಾತು ಹೇಳಬೇಡಿ. ಅಪ್ಪನಂಥವರಿಗೆ ಏನು, ಮಕ್ಕಳಿಗೆ ಏನು ಅಂತ ಬೇರೆ ಬೇರೆ ಕೇಳಿ. ಅದಕ್ಕೆ ಇಲ್ಲ ಅನ್ನುವುದು ಯಾರಿಗೂ ಕಷ್ಟ.

ಕಾಸರಗೋಡು ಪೇಟೆಯಿಂದ:

ನಾನು ಕೊಚ್ಚಿಗೆ ಹೋಗಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ನೋಡುವವ, ಕೇರಳ ಬ್ಲಾಸ್ಟರ್ಸ್ ನಮ್ಮ ಟೀಮ್. 2016ರ ಡಿಸೆಂಬರ್ 18ರ ಫೈನಲ್ಲಿಗೆ ಕಲೂರು ಸ್ಟೇಡಿಯಂನಲ್ಲಿ ಇದ್ದೆ. ಕಾರ್ನರ್ ಬಾಲಿಗೆ ನಮ್ಮ ತ್ರಿಕರಿಪುರದ ಮೊಹಮ್ಮದ್ ರಾಫಿ ತಲೆ ಕೊಟ್ಟು ಗೋಲು ಮಾಡಿದಾಗ ಪಕ್ಕದಲ್ಲಿದ್ದ ಗುರುತಿಲ್ಲದವರು ನನ್ನನ್ನು ಎತ್ತಿ ಕುಣಿಸಿದರು. ಆಮೇಲೆ ಪೆನಾಲ್ಟಿಯಲ್ಲಿ ಕೋಲ್ಕತ್ತದ ಎದುರು ಸೋತದ್ದು ಬೇರೆ. ನಮ್ಮ ಜಿಲ್ಲೆಯ ಹುಡುಗ ಅಲ್ಲಿ ಗೋಲು ಹೊಡೆದದ್ದನ್ನು ಕಣ್ಣಾರೆ ಕಂಡೆನಲ್ಲ, ಸಾಕು.

ಆದರೆ ನಮಗೆ ಟಿಕೆಟ್ ಸಣ್ಣದು, ದಾರಿ ದೊಡ್ಡದು. ಎರ್ನಾಕುಳಂ ಇಲ್ಲಿಂದ 350 ಕಿಲೋಮೀಟರಿಗೂ ಹೆಚ್ಚು. ಹೋಗುವ ರೈಲು, ಎರಡು ಹೊತ್ತಿನ ಊಟ, ರಾತ್ರಿ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸು, ಮರುದಿನದ ಅರ್ಧ ಸಂಬಳ. ಒಂದು ಸಲ ಸೀಸನ್ ಟಿಕೆಟ್ ತೆಗೆದು ಮೂರೇ ಮ್ಯಾಚಿಗೆ ಹೋಗ್ಲಿಕ್ಕೆ ಆದದ್ದು. ಮತ್ತೆ ತೆಗೆಯಲಿಲ್ಲ. 2025ರಲ್ಲಂತೂ ಫೆಡರೇಶನ್ನಿಗೂ ಲೀಗ್ ನಡೆಸುವವರಿಗೂ ಇದ್ದ 15 ವರ್ಷದ ಒಪ್ಪಂದ ಮುಗಿಯುವ ಹೊತ್ತಾಗಿ, ಸೀಸನ್ ಯಾವಾಗ ಶುರು ಅಂತ ತಿಂಗಳುಗಟ್ಟಲೆ ಗೊತ್ತೇ ಇರಲಿಲ್ಲ. ಅದರಿಂದ ನಾನು ಕಲಿತದ್ದು ಇಷ್ಟು: ಮ್ಯಾಚ್ ನಡೆಯದಿದ್ದರೆ ಪೈಸೆ ವಾಪಸು ಹೇಗೆ ಅಂತ ಮೊದಲೇ ಕೇಳಬೇಕು. ನಿಮ್ಮ ಟೂರ್ನಮೆಂಟಿಗೂ ಕೇಳಿ. ಬೇಸಿಗೆ ಮಳೆ ಬಂದು ಗದ್ದೆಯಲ್ಲಿ ನೀರು ನಿಂತರೆ ಎಂತ ಮಾಡುತ್ತಾರೆ? ಟಿಕೆಟಿನ ಹಿಂದೆ ಬರೆದದ್ದನ್ನು ಓದಿ.

ಮಂಜೇಶ್ವರದಿಂದ:

ನಮ್ಮ ಕಡೆ ಹೋದ ವರ್ಷ ಇದೇ ಸಮಸ್ಯೆ ಆಗಿತ್ತು. ಒಬ್ಬೊಬ್ಬರೇ ಹೋಗಿ ಕೇಳಿದಾಗ "ನೋಡುವ, ನೋಡುವ" ಅಂದರು. ಕೊನೆಗೆ 28 ಜನ ಸೇರಿ ಒಂದು ಕಾಗದ ಬರೆದೆವು. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು. ಬೈಗಳ ಒಂದು ಅಕ್ಷರ ಇರಲಿಲ್ಲ. ನಾವು ಎಷ್ಟು ವರ್ಷದಿಂದ ಟಿಕೆಟ್ ತೆಗೆಯುತ್ತಿದ್ದೇವೆ ಅಂತ ಹೆಸರಿನ ಮುಂದೆ ಬರೆದೆವು. 22 ವರ್ಷ, 17 ವರ್ಷ, 9 ವರ್ಷ. ಅಧ್ಯಕ್ಷರು ಆ ಕಾಗದ ಓದುವಾಗ ಹೆಸರುಗಳ ಹತ್ತಿರ ತುಂಬಾ ಹೊತ್ತು ನಿಂತರು. 22 ವರ್ಷದವರು ಅವರ ಸ್ವಂತ ಮಾವನೇ.

ಬೆಲೆ ಪೂರ್ತಿ ಇಳಿಯಲಿಲ್ಲ. ಎರಡು ಕಂತಿನಲ್ಲಿ ಕೊಡಬಹುದು ಅಂತ ಆಯಿತು. ಟೂರ್ನಮೆಂಟ್ ಮುಗಿದ ಮೇಲೆ ಜಮಾಖರ್ಚಿನ ಪಟ್ಟಿ ಕ್ಲಬ್ಬಿನ ಗೋಡೆಗೆ ಅಂಟಿಸಿದರು. ಡಯಾಲಿಸಿಸ್ ರೋಗಿಗಳಿಗೆ ಕೊಟ್ಟ ಪೈಸೆಯೂ ಅದರಲ್ಲಿ ಇತ್ತು. ಅದನ್ನು ನೋಡಿದ ಮೇಲೆ ಈ ವರ್ಷ ಕೊಡ್ಲಿಕ್ಕೆ ನನಗೆ ಮನಸ್ಸು ಬಂತು. ಟಿಕೆಟ್ ಅಚ್ಚಿಗೆ ಹೋಗುವ ಮೊದಲು ಮಾತಾಡಿ ಮಾರಾಯ್ರೇ, ಅಚ್ಚಾದ ಮೇಲೆ ಬಾಯಿ ಕಟ್ಟಿದ ಹಾಗೆ.

ನೀಲೇಶ್ವರದಿಂದ:

ನಮಗೆ ಕಣ್ಣೂರು ಹತ್ತಿರ. 2024ರಲ್ಲಿ ಸೂಪರ್ ಲೀಗ್ ಕೇರಳ ಶುರುವಾದ ಮೇಲೆ ಕಣ್ಣೂರು ವಾರಿಯರ್ಸ್ ನಮ್ಮ ಟೀಮ್. ಮನಸ್ಸು ಬಂದ ದಿನ ಹೋಗುತ್ತೇನೆ, ಸೀಸನ್ ಟಿಕೆಟ್ ತೆಗೆಯುವುದಿಲ್ಲ. ಆದರೆ ಸೆವೆನ್ಸಿನ ಸುಖ ಬೇರೆ. ಅಲ್ಲಿ ಗೋಲ್‌ಕೀಪರ್ ಉಸಿರು ಬಿಟ್ಟದ್ದೂ ಕೇಳುತ್ತದೆ. ಅಪ್ಪನನ್ನು ಕರೆದುಕೊಂಡು ಹೋಗಿ ಅಣ್ಣ. ನನ್ನ ಅಪ್ಪ ಹೋಗಿ ಮೂರು ವರ್ಷ ಆಯಿತು. ಬೇಕೆಂದರೂ ಈಗ ಅವರಿಗೊಂದು ಟಿಕೆಟ್ ತೆಗೆಯ್ಲಿಕ್ಕೆ ನನಗೆ ಆಗುವುದಿಲ್ಲ.

ಕುಂಬಳೆ ಕಡೆಯ ಟೈಲರ್, ಹನ್ನೆರಡು ದಿನದ ನಂತರ:

ಎಲ್ಲರ ಮಾತೂ ಓದಿದೆ. ಕೆಲವನ್ನು ಅಪ್ಪನಿಗೆ ಓದಿ ಹೇಳಿದೆ. ಲಿವರ್‌ಪೂಲಿನ ಕತೆ ಎರಡು ಸಲ ಹೇಳಿಸಿಕೊಂಡರು.

ಮಂಜೇಶ್ವರದವರು ಹೇಳಿದ ಹಾಗೆ ಕಾಗದ ಬರೆದೆವು. 43 ಜನ ಹೆಸರು ಹಾಕಿದರು. ಅಂಗಡಿಯಲ್ಲೇ ಬರೆದದ್ದು. ಪ್ಯಾಂಟು ಹೊಲಿಸಲು ಬಂದವರೂ ಓದಿ ಹೆಸರು ಹಾಕಿ ಹೋದರು. ಉಪ್ಪಳದ ಅಣ್ಣ ಹೇಳಿದಂತೆಯೇ ಬಂದರು, ಅವರಿಗೆ ದೊಡ್ಡ ಉಪಕಾರ. ಅಡ್ವಾನ್ಸಿನ ಮಾತನ್ನೂ ಚಿನ್ನದ ಮಾತನ್ನೂ ಅವರು ಹೇಳಿದಾಗ ಕಮಿಟಿಯ ಹುಡುಗರು ತಲೆ ಬಗ್ಗಿಸಿ ಕೇಳಿದರು.

ಟಿಕೆಟ್ ಆಗಲೇ ಅಚ್ಚಾಗಿತ್ತು, 1500 ಹಾಗೇ ಉಳಿಯಿತು. ಆದರೆ 60 ದಾಟಿದವರಿಗೂ 12ರ ಒಳಗಿನವರಿಗೂ ದಿನದ ಟಿಕೆಟ್ ಅರ್ಧ. ಹಿರಿಯರು ಸೀಸನ್ ಗೇಟಿನಲ್ಲೇ ಒಳಗೆ ಹೋಗಬಹುದು, ಜೊತೆಗೆ ಒಬ್ಬರನ್ನು ಬಿಡುತ್ತಾರೆ. ಕೂಪನ್ ಯಾರು ತಂದರೂ ನಡೆಯುತ್ತದೆ. ಲೆಕ್ಕದ ಪಟ್ಟಿ ಕೇಳಿದ್ದಕ್ಕೆ "ಮುಗಿದ ಮೇಲೆ ನೋಡುವ" ಅಂದರು. ಅದು ನನಗೆ ಸಮಾಧಾನ ಆಗಲಿಲ್ಲ. ಮತ್ತೆ ಕೇಳುತ್ತೇನೆ.

ಈಗ ಒಂದೇ ಸೀಸನ್ ಟಿಕೆಟ್ ತೆಗೆದಿದ್ದೇನೆ, ನನಗೂ ಮಗಳಿಗೂ ಸೇರಿ. ಅವಳಿಗೆ ಹತ್ತನೇ ಕ್ಲಾಸು, ಶನಿವಾರ ಮಾತ್ರ ಬರುವುದು ಅಂತ ಒಪ್ಪಿದ್ದಾಳೆ. ಆ ದಿನ ನಾನು 80 ಕೊಟ್ಟು ಹೋಗುತ್ತೇನೆ. ಅಪ್ಪನಿಗೂ ಮಗನಿಗೂ 40ರ ಟಿಕೆಟ್.

ಬರುವ ಭಾನುವಾರ ಮೊದಲ ಮ್ಯಾಚು, ರಾತ್ರಿ ಎಂಟೂವರೆಗೆ. ಮೊಗ್ರಾಲಿನವರು, ಉಪ್ಪಳದವರು ಬರುವುದಾದರೆ ಪಡುಗಡೆಯ ಕಾರ್ನರ್ ಹತ್ತಿರ ಕೆಳಗಿನ ಸಾಲಿಗೆ ಬನ್ನಿ. ಹಲಗೆ ಮೇಲೆ ಹಸಿರು ಬೈರಾಸು ಹಾಸಿದ್ದು ಕಂಡರೆ ಅದೇ ನಮ್ಮ ಜಾಗ. ಕಣ್ಣ ಚಾ (ಹಾಲು ಹಾಕದ ಚಾ) ನನ್ನ ಲೆಕ್ಕದಲ್ಲಿ.