ಡಿಸೈರ್ ಡೀಸೆಲ್, 3.85 ಲಕ್ಷ ಕಿಮೀ: ಬಿಸಿಯಾದರೆ ಸ್ಟಾರ್ಟ್ ಆಗುವುದಿಲ್ಲ, ಏರಿನಲ್ಲಿ ಎಳೆಯುವುದಿಲ್ಲ

ಪೆರ್ಲ_ಡಿಸೈರ್

ಎಲ್ಲರಿಗೂ ನಮಸ್ಕಾರ. ಬೇಜಾರು ತಡೆಯಲಾಗದೆ ಬರೆಯುತ್ತಿದ್ದೇನೆ. ನನ್ನ ಡಿಸೈರ್ ಡೀಸೆಲ್ 3,85,000 ಕಿಮೀ ದಾಟಿದೆ. ಇಷ್ಟು ವರ್ಷ ದಾರಿಯಲ್ಲಿ ಕೈಕೊಟ್ಟದ್ದೇ ಇಲ್ಲ. ಈಗ ಎರಡು ತೊಂದರೆ ಒಟ್ಟಿಗೆ ಶುರುವಾಗಿದೆ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್. ಆದರೆ ಮಂಗಳೂರಿಗೆ ಹೋಗಿ, ಆಸ್ಪತ್ರೆ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಎರಡನೆಯದು, ಏರು ಬಂದರೆ ಎಳೆಯುವುದಿಲ್ಲ. ಬದಿಯಡ್ಕದಿಂದ ಪೆರ್ಲಕ್ಕೆ ಬರುವಾಗ ಮೂರನೇ ಗೇರಿನಲ್ಲಿ ಆರಾಮವಾಗಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕು. ಸಂಪಾಜೆ ಘಾಟಿಯಲ್ಲಂತೂ ಹಿಂದಿನ ಬಸ್ಸುಗಳ ಹಾರ್ನ್ ಕೇಳಿ ಕೇಳಿ ಸಾಕಾಯಿತು.

ಒಂದು ಗ್ಯಾರೇಜಿನವರು ಎಂಜಿನ್ ಮುಗಿಯಿತು, ಬೋರ್ ಮಾಡಬೇಕು (ಸವೆದ ಸಿಲಿಂಡರ್ ಕೊರೆಸಬೇಕು) ಎಂದರು. ಇನ್ನೊಬ್ಬರು ಗುಜರಿಗೆ ಕೊಡಿ ಎಂದರು. ಬಾನೆಟ್ ಕೂಡ ಎತ್ತದೆ ಹೇಳಿದ್ದು! ಅಮ್ಮನನ್ನು ಪದೇ ಪದೇ ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಹೊಸ ಕಾರಿಗೆ ದುಡ್ಡಿಲ್ಲ. ಏನು ಮಾಡಲಿ?

ಕುಂಬಳೆ_ಸ್ವಿಫ್ಟ್

ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಚೈನ್. ಬೇರೆ ಯೋಚನೆಯೇ ಬೇಡ. ಈ 1.3 ಎಂಜಿನ್ನಿನಲ್ಲಿ ಬೆಲ್ಟ್ ಇಲ್ಲ, ಚೈನ್. ಚೈನ್ ಅಂದ ಕೂಡಲೇ ಜೀವಮಾನವಿಡೀ ಬರುತ್ತದೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. 3.85 ಲಕ್ಷಕ್ಕೆ ಅದು ಖಂಡಿತ ಉದ್ದವಾಗಿರುತ್ತದೆ. ಟೈಮಿಂಗ್ ಹಿಂದೆ ಬೀಳುತ್ತದೆ, ಪಿಕಪ್ ಹೋಗುತ್ತದೆ. ಚೈನ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಗೈಡ್ ಮೂರನ್ನೂ ಒಟ್ಟಿಗೆ ಹಾಕಿಸಿ.

ಬಂದರು_ಡೀಸೆಲ್

ಯಾವ ವರ್ಷದ ಗಾಡಿ? ಎಂಜಿನ್ ದೀಪ ಉರಿಯುತ್ತದಾ? ಸ್ಕ್ಯಾನ್ ಮಾಡಿಸಿದ್ದೀರಾ? ಹೊಗೆ ಇದೆಯಾ, ಇದ್ದರೆ ಯಾವ ಬಣ್ಣ? ಚೈನ್, ಗೀನ್ ಎಲ್ಲ ಆಮೇಲೆ. ಇಷ್ಟು ಗೊತ್ತಿಲ್ಲದೆ ಯಾರು ಏನು ಹೇಳಿದರೂ ಊಹೆಯೇ.

ಎರ್ಟಿಗಾ_ಉಪ್ಪಳ

ಏರಿನಲ್ಲಿ ಎಳೆಯದಿದ್ದರೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ವೇನ್ (ಒಳಗಿನ ಅಲುಗಾಡುವ ರೆಕ್ಕೆ) ಮಸಿ ಹಿಡಿದು ಜಾಮ್ ಆಗಿದೆ. ನನ್ನದಕ್ಕೂ ಹೀಗೇ ಆಗಿತ್ತು. ಬಿಚ್ಚಿ ತೊಳೆದ ಮೇಲೆ ಸರಿಯಾಯಿತು.

ಕುಂಬಳೆ_ಸ್ವಿಫ್ಟ್

ಡಿಸೈರಿನಲ್ಲಿ ವೇನ್ ಎಲ್ಲಿಂದ ಬಂತು? ಇದು 75 ಪಿಎಸ್, ಫಿಕ್ಸೆಡ್ ಟರ್ಬೊ. ನಿಮ್ಮ ಎರ್ಟಿಗಾ 90 ಪಿಎಸ್. ವೇನ್ ಇರುವುದು ಅದರಲ್ಲಿ.

ಎರ್ಟಿಗಾ_ಉಪ್ಪಳ

ಎರಡೂ ಅದೇ 1248 ಸಿಸಿ ಫಿಯಟ್ ಎಂಜಿನ್ ಅಲ್ವಾ?

ಕುಂಬಳೆ_ಸ್ವಿಫ್ಟ್

ಎಂಜಿನ್ ಅದೇ, ಟರ್ಬೊ ಬೇರೆ. ಅದೇ ಎಂಜಿನ್ ಇಂಡಿಕಾ ವಿಸ್ಟಾದಲ್ಲೂ ಇತ್ತು, ಪುಂಟೊದಲ್ಲೂ ಇತ್ತು, ರಿಟ್ಜ್‌ನಲ್ಲೂ ಇತ್ತು. ಹಾಗಂತ ಎಲ್ಲದರ ಭಾಗವೂ ಒಂದೇ ಅಲ್ಲ. ಇವರಿಗೆ ಚೈನ್ ಹಾಕಿಸಲಿ ಮೊದಲು.

ಪೆರ್ಲ_ಡಿಸೈರ್

2010ರದ್ದು. ಕಾಸರಗೋಡಿನ ಕೆಎಲ್ 14 ನಂಬರ್. ಎಂಜಿನ್ ದೀಪ ಘಾಟಿಯಲ್ಲಿ ಬರುತ್ತದೆ, ಆಫ್ ಮಾಡಿ ಹಾಕಿದರೆ ಒಮ್ಮೊಮ್ಮೆ ಹೋಗುತ್ತದೆ. ಸ್ಕ್ಯಾನ್ ಯಾರೂ ಮಾಡಲಿಲ್ಲ. ಹೊಗೆ ಕಪ್ಪು. ಹಳೆ ಡೀಸೆಲ್, ಬಂದೇ ಬರುತ್ತದೆ ಅಲ್ವಾ? ಆಯಿಲ್ ತಿನ್ನುವುದಿಲ್ಲ. ಚೈನ್ ಶಬ್ದ ಏನೂ ಇಲ್ಲ.

ಬಂದರು_ಡೀಸೆಲ್

ಹಾಗಾದರೆ ಎಂಜಿನ್ ಮುಗಿದಿದೆ ಎಂದವರ ಮಾತು ಬಿಟ್ಟುಬಿಡಿ. ಕಾರಣ ಹೇಳುತ್ತೇನೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ. ಗಾಳಿಯನ್ನು ಒತ್ತಿದಾಗ ಬರುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ರಿಂಗ್, ಬೋರ್ ಸವೆದು ಕಂಪ್ರೆಷನ್ ಹೋದರೆ ಆ ಬಿಸಿ ಸಾಕಾಗುವುದಿಲ್ಲ. ಅದು ಮೊದಲು ಗೊತ್ತಾಗುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ. ನಿಮ್ಮದು ಮಳೆಗಾಲದ ಬೆಳಿಗ್ಗೆಯೂ ಒಂದೇ ಸಲಕ್ಕೆ ಹಿಡಿಯುತ್ತದೆ. ಆಯಿಲ್ ತಿನ್ನುವುದಿಲ್ಲ. ಬೋರ್ ಚೆನ್ನಾಗಿದೆ ಎಂದೇ ನನ್ನ ಲೆಕ್ಕ. ಬೇಕಾದರೆ ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ಹೊಗೆ ಜೋರಾಗಿ ಉಗುಳಿದರೆ ಮಾತ್ರ ಚಿಂತೆ.

ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ನೋಡುವುದು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ರಿಟರ್ನ್. ಸವೆದ ಇಂಜೆಕ್ಟರ್ ಒಳಗಿಂದ ಡೀಸೆಲ್ಲನ್ನು ವಾಪಸ್ ಬಿಡುತ್ತದೆ. ತಣ್ಣಗಿನ ಡೀಸೆಲ್ ಸ್ವಲ್ಪ ಮಂದ, ಅಷ್ಟು ಸೋರುವುದಿಲ್ಲ. ಬಿಸಿಯಾದರೆ ತೆಳುವಾಗಿ ಹರಿದುಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಪಂಪ್ ನಿಧಾನವಾಗಿ ತಿರುಗುತ್ತದೆ, ರೈಲಿನಲ್ಲಿ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ ಪೈಪಿನಲ್ಲಿ) ಪ್ರೆಷರ್ ಕಟ್ಟುವುದಿಲ್ಲ. ಸುಮಾರು 200 ಬಾರ್ ಹತ್ತಿರ ಬಾರದೆ ಎಂಜಿನ್ ಹಿಡಿಯುವುದು ಕಷ್ಟ.

ಪರೀಕ್ಷೆ ಸುಲಭ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪ್ ಕಳಚಿ, ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಡಿ. ಎಂಜಿನ್ ಬಿಸಿ ಇರುವಾಗಲೇ ಮಾಡಬೇಕು. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಅದೇ ಕಳ್ಳ.

ಕುಂಬಳೆ_ಸ್ವಿಫ್ಟ್

ಇಂಜೆಕ್ಟರ್ ಹೋದರೆ ಏರಿನಲ್ಲಿ ಎಳೆಯದೇ ಇರುವುದೇಕೆ? ಕಪ್ಪು ಹೊಗೆ ಏಕೆ? ಎರಡಕ್ಕೂ ಒಂದೇ ಕಾರಣ ಇರಬೇಕು. ಚೈನ್ ಆದರೆ ಎರಡೂ ಹೊಂದುತ್ತದೆ.

ಬಂದರು_ಡೀಸೆಲ್

ಚೈನ್ ಹೋದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮೊದಲ ಒಂದೆರಡು ಸೆಕೆಂಡ್ ಗಲಗಲ ಶಬ್ದ ಬರುತ್ತದೆ. ಟೆನ್ಷನರ್ ನಡೆಯುವುದು ಆಯಿಲ್ ಪ್ರೆಷರಿನಿಂದ. ಇವರು ಶಬ್ದ ಇಲ್ಲ ಎನ್ನುತ್ತಿದ್ದಾರೆ. ಜಾರಿದ್ದರೆ ಸ್ಕ್ಯಾನರಿನಲ್ಲಿ ಪಿ0016, ಅಂದರೆ ಟೈಮಿಂಗ್ ಹೊಂದುತ್ತಿಲ್ಲ ಎಂಬ ಕೋಡ್ ಬರಬೇಕು. ನೋಡೋಣ.

ಮತ್ತೆ, ಇಷ್ಟು ಓಡಿದ ಗಾಡಿಯಲ್ಲಿ ಎರಡು ತೊಂದರೆಗೆ ಒಂದೇ ಕಾರಣ ಇರಬೇಕು ಅಂತ ಏನಿದೆ?

ಅಡಿಕೆ_ಬೊಲೆರೊ

ನೀವು ಯಾವ ಆಯಿಲ್ ಹಾಕುತ್ತೀರಿ? ನಮ್ಮ ಮುಳ್ಳೇರಿಯಾ ಕಡೆ ಟ್ಯಾಕ್ಸಿಯವರೆಲ್ಲ 15ಡಬ್ಲ್ಯು-40 ಹಾಕಿ ಲಕ್ಷ ಲಕ್ಷ ಓಡಿಸುತ್ತಾರೆ. ದಪ್ಪ ಆಯಿಲ್ ಹಾಕಿದರೆ ಹಳೆ ಎಂಜಿನ್ ಸುಮ್ಮನಾಗುತ್ತದೆ.

ಕುಂಬಳೆ_ಸ್ವಿಫ್ಟ್

ದಪ್ಪ ಆಯಿಲ್ ಚೈನಿನ ಟೆನ್ಷನರಿಗೆ ಬೆಳಿಗ್ಗೆ ತಡವಾಗಿ ಮುಟ್ಟುತ್ತದೆ. ಕಂಪನಿ ಹೇಳಿದ್ದು 5ಡಬ್ಲ್ಯು-30. ಬೊಲೆರೊ ಬೇರೆ, ಇದು ಬೇರೆ. ಈ ಎಂಜಿನ್ನಿಗೆ 10,000ಕ್ಕೆ ಆಯಿಲ್ ಬದಲಿಸಲೇಬೇಕು.

ಅಡಿಕೆ_ಬೊಲೆರೊ

ನಾನು ನೋಡಿದ್ದನ್ನು ಹೇಳಿದೆ. ಪುಸ್ತಕ ಓದಿ ಗಾಡಿ ಓಡುವುದಿಲ್ಲ.

ಇನ್ನೋವಾ_ಸೀತಾಂಗೋಳಿ

ಈ ಚಿಕ್ಕ ಎಂಜಿನ್ನುಗಳ ಗೋಳು ಇದೇ. ನನ್ನ ಇನ್ನೋವಾ 2.5 ಈಗ 5.9 ಲಕ್ಷ. ಹೆಡ್ ಬಿಚ್ಚಿಲ್ಲ. ಟೈಮಿಂಗ್ ಬೆಲ್ಟಿನ ದೀಪ ಬಂದಾಗಲೆಲ್ಲ ಬೆಲ್ಟ್ ಹಾಕಿಸಿದ್ದೇನೆ, ಆಯಿಲ್ ತಪ್ಪಿಸಿಲ್ಲ, ಅಷ್ಟೇ. ಶಬರಿಮಲೆ, ಧರ್ಮಸ್ಥಳ, ಬೆಂಗಳೂರು, ಎಲ್ಲ ಇದರಲ್ಲೇ. ಕ್ಲಚ್, ಸಸ್ಪೆನ್ಷನ್ ಬುಷ್, ಆಲ್ಟರ್ನೇಟರ್ ಬದಲಾಗಿವೆ. ಸೀಟ್ ಕವರ್ ಕಳೆದ ವರ್ಷ ಹೊಸದು, ಸ್ಪೀಕರ್ ಕೂಡ ಹಾಕಿಸಿದೆ. ಫೋಟೊ ಬೇಕಾದರೆ ಹಾಕುತ್ತೇನೆ.

ನೀರ್ಚಾಲು_ಓದುಗ

5.9 ಲಕ್ಷ ದೊಡ್ಡದೇ. ಆದರೆ ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರಿಗೋರಿಯಸ್ ಸಚಿನಿದಿಸ್ ಅವರ 1976ರ ಮರ್ಸಿಡಿಸ್ 240ಡಿ ಓಡಿದ್ದು 46 ಲಕ್ಷ ಕಿಮೀ. 2004ರಲ್ಲಿ ಅದನ್ನು ಕಂಪನಿಯ ಮ್ಯೂಸಿಯಮ್ಮಿಗೇ ಕೊಟ್ಟರು. ಅದೂ ಮಾಮೂಲಿ ಡೀಸೆಲ್, ಟರ್ಬೊ ಇಲ್ಲ.

ಇನ್ನೋವಾ_ಸೀತಾಂಗೋಳಿ

ಅದರ ಎಂಜಿನ್ ಎಷ್ಟೋ ಸಲ ಬದಲಾಗಿದೆ. ಹಾಗೆ ಬದಲಿಸಿದರೆ ಯಾವುದೂ ಓಡುತ್ತದೆ. ನನ್ನದು ಅದೇ ಎಂಜಿನ್.

ನೀರ್ಚಾಲು_ಓದುಗ

ಬದಲಾಗಿದೆ, ಒಪ್ಪಿದೆ. ಆದರೆ ಬಾಡಿ ಉಳಿಯಿತಲ್ಲ, ಅದನ್ನೂ ನೋಡಿ. ನಮ್ಮ ಕರಾವಳಿಯಲ್ಲಿ ಎಂಜಿನ್ನಿಗಿಂತ ಮೊದಲು ಹೋಗುವುದು ಬಾಡಿ. ಉಪ್ಪು ಗಾಳಿ, ಆರು ತಿಂಗಳು ಒದ್ದೆ. ಮಂಜೇಶ್ವರದಲ್ಲಿ ಕಡಲ ಹತ್ತಿರದ ಮನೆಯವರ ಗಾಡಿಗಳ ಬಾಗಿಲ ಕೆಳಭಾಗ ಮುಟ್ಟಿ ನೋಡಿ. ಎಂಜಿನ್ 5 ಲಕ್ಷ ಬರುತ್ತದೆ, ತಳ ಬರಬೇಕಲ್ಲ.

ನಿರ್ವಾಹಕ

ಇನ್ನೋವಾ, ಮರ್ಸಿಡಿಸ್, ತುಕ್ಕು ಇವುಗಳ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ. ಇಲ್ಲಿ ಪೆರ್ಲದವರ ಕಾರಿನ ಬಗ್ಗೆ ಮಾತ್ರ ಬರೆಯಿರಿ.

ಪೆರ್ಲ_ಡಿಸೈರ್

ಸ್ಕ್ಯಾನರ್ ಇರುವ ಕಡೆ ಹೋಗಿದ್ದೆ. ಪಿ0087 ಬಂತು. ರೈಲ್ ಪ್ರೆಷರ್ ಕಡಿಮೆ ಎಂದರು. ಪಿ0016 ಇಲ್ಲ. ಅಲ್ಲಿಯೂ ಮೊದಲು ಹೇಳಿದ್ದು ಪಂಪ್ ಹೊಸದು ಹಾಕಬೇಕು ಅಂತಲೇ. ರೇಟ್ ಕೇಳಿ ವಾಪಸ್ ಬಂದೆ. ಒಂದೊಂದು ಕಡೆ ಒಂದೊಂದು ದೊಡ್ಡ ಪಾರ್ಟಿನ ಹೆಸರು ಹೇಳುತ್ತಾರೆ. ನಮ್ಮಂಥವರು ಏನು ಮಾಡುವುದು?

ಬಂದರು_ಡೀಸೆಲ್

ಪಂಪಿಗೆ ದುಡ್ಡು ಹಾಕಬೇಡಿ. ಸ್ಕ್ಯಾನರ್ ಪ್ರೆಷರ್ ಕಡಿಮೆ ಎಂದು ಹೇಳುತ್ತದೆ, ಎಲ್ಲಿ ಸೋರುತ್ತಿದೆ ಎಂದು ಹೇಳುವುದಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಇದೇ ಕೋಡ್, ಪ್ರೆಷರ್ ರೆಗ್ಯುಲೇಟರ್ ಹೋದರೂ ಇದೇ. ಮೊದಲು ಫಿಲ್ಟರ್, ಆಮೇಲೆ ಬಾಟಲಿ ಪರೀಕ್ಷೆ, ಆಮೇಲೆ ರೆಗ್ಯುಲೇಟರ್. ಪಂಪ್ ಕೊನೆಗೆ. ಬಿಸಿಯಾದಾಗ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ಕೂಡ ನೋಡಲು ಹೇಳಿ. ಸೊನ್ನೆ ತೋರಿಸಿದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಹೋಗಿದೆ.

ಇನ್ನೊಂದು. ಏರಿನಲ್ಲಿ ಕಾಲು ಒತ್ತಿದಾಗ ಬಾನೆಟ್ ಒಳಗಿಂದ ಸುಯ್ ಅಂತ ಗಾಳಿ ಹೋಗುವ ಶಬ್ದ ಬರುತ್ತದಾ?

ಪೆರ್ಲ_ಡಿಸೈರ್

ಬರುತ್ತದೆ. ಈ ಮಳೆಗಾಲದ ಮೊದಲಿನಿಂದಲೇ ಇದೆ. ಟರ್ಬೊ ಶಬ್ದ ಅಲ್ವಾ ಅದು?

ಬಂದರು_ಡೀಸೆಲ್

ಮೊದಲು ಇರದ ಶಬ್ದ ಟರ್ಬೊದ ಮಾಮೂಲಿ ಶಬ್ದ ಅಲ್ಲ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸ್‌ಗಳನ್ನು ಕಳಚಿಸಿ ನೋಡಿ. ಹಾಕಿದಲ್ಲೇ ಮೇಲಿನಿಂದ ನೋಡಿದರೆ ಸಾಲದು. ಸೀಳು ಹೆಚ್ಚಾಗಿ ಕೆಳಮುಖದಲ್ಲಿ, ಆಯಿಲ್ ಜಿಡ್ಡು ನಿಲ್ಲುವ ಕಡೆ ಬರುತ್ತದೆ. ಗಾಡಿ ನಿಂತಿದ್ದಾಗ ಮುಚ್ಚಿಕೊಂಡಿರುತ್ತದೆ, ಬೂಸ್ಟ್ ಬಂದಾಗ ಬಾಯಿ ಬಿಡುತ್ತದೆ. ಟರ್ಬೊ ಕೊಟ್ಟ ಗಾಳಿ ಎಂಜಿನ್ನಿಗೆ ಮುಟ್ಟುವುದಿಲ್ಲ. ಡೀಸೆಲ್ ಹೋಗುತ್ತದೆ, ಗಾಳಿ ಸಾಲದು, ಪೂರ್ತಿ ಉರಿಯುವುದಿಲ್ಲ. ಅದೇ ನಿಮ್ಮ ಕಪ್ಪು ಹೊಗೆ.

ಎರ್ಟಿಗಾ_ಉಪ್ಪಳ

ಇಜಿಆರ್ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಬಿಡುವ ವಾಲ್ವ್) ಕೂಡ ತೆಗೆದು ತೊಳೆಯಲು ಹೇಳಿ. ಇಷ್ಟು ಓಡಿದ ಗಾಡಿಯಲ್ಲಿ ಅದರ ಒಳಗೆ ಮಸಿ ಮತ್ತು ಆಯಿಲ್ ಸೇರಿ ಡಾಂಬರಿನ ಹಾಗೆ ಕಟ್ಟಿರುತ್ತದೆ. ವಾಲ್ವ್ ಮುಚ್ಚದಿದ್ದರೂ ಕಪ್ಪು ಹೊಗೆ ಬರುತ್ತದೆ.

ಕುಂಬಳೆ_ಸ್ವಿಫ್ಟ್

ಚೈನ್ ಯಾರೂ ನೋಡುತ್ತಿಲ್ಲ. ಚೈನ್ ಜಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ, ಆಮೇಲೆ ನಿಜವಾಗಿ ಗುಜರಿ. ಅಷ್ಟೇ ನಾನು ಹೇಳುವುದು.

ಪೆರ್ಲ_ಡಿಸೈರ್

ಎಲ್ಲರಿಗೂ ದೊಡ್ಡ ನಮಸ್ಕಾರ. ಕಾರು ಸರಿಯಾಯಿತು.

ಪುತ್ತೂರಿನಲ್ಲಿ ಒಬ್ಬರು ಹಳೆ ಮೆಕ್ಯಾನಿಕ್ ಸಿಕ್ಕಿದರು. ಇಲ್ಲಿ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಸಿಟ್ಟು ಮಾಡಲಿಲ್ಲ, ಪೂರ್ತಿ ಕೇಳಿದರು. ಫಿಲ್ಟರ್ ಹೊಸದು ಹಾಕಿ ನೋಡಿದರು, ವ್ಯತ್ಯಾಸ ಇಲ್ಲ. ಬಾಟಲಿ ಪರೀಕ್ಷೆಯಲ್ಲಿ ಮೂರನೇ ಇಂಜೆಕ್ಟರಿನ ಬಾಟಲಿ ಉಳಿದವು ಅರ್ಧ ಆಗುವುದರೊಳಗೆ ತುಂಬಿಹೋಯಿತು. ನಾಲ್ಕನ್ನೂ ಬೆಂಚಿನ ಮೇಲೆ ಪರೀಕ್ಷೆ ಮಾಡಿಸಿದರು. ಮೂರನೆಯದು ರಿಪೇರಿ ಆಯಿತು, ಉಳಿದವು ಚೆನ್ನಾಗಿವೆ. ಹಾಕುವಾಗ ನಾಲ್ಕಕ್ಕೂ ಹೊಸ ತಾಮ್ರದ ವಾಷರ್ ಹಾಕಿದರು. ಬಿಸಿ ಸ್ಟಾರ್ಟ್ ತೊಂದರೆ ಅಲ್ಲಿಗೇ ಹೋಯಿತು.

ಆದರೆ ಏರಿನ ತೊಂದರೆ ಹಾಗೇ ಇತ್ತು! ಆಮೇಲೆ ಹೋಸ್ ಕಳಚಿದರು. ಟರ್ಬೊ ಕಡೆಯ ಹೋಸ್ ಕೆಳಗಡೆ ಬೆರಳು ಹೋಗುವಷ್ಟು ಸೀಳಿತ್ತು. ಹೊಸ ಹೋಸ್, ಹೊಸ ಕ್ಲ್ಯಾಂಪ್. ಇಜಿಆರ್ ತೊಳೆದರು. ಈಗ ಸಂಪಾಜೆ ಘಾಟಿಯನ್ನು ಮೂರನೇ ಗೇರಿನಲ್ಲೇ ಹತ್ತುತ್ತದೆ. ಹೊಗೆ ಇಲ್ಲ. ಖರ್ಚು ಹೊಸ ಪಂಪಿಗೆ ಹೇಳಿದ ರೇಟಿನ ಕಾಲುಭಾಗವೂ ಆಗಲಿಲ್ಲ.

ಬಂದರು_ಡೀಸೆಲ್

ತುಂಬ ಸಂತೋಷ. ಆ ಮೆಕ್ಯಾನಿಕ್ಕನ್ನು ಬಿಡಬೇಡಿ. ಡೀಸೆಲ್ ಗಾಡಿಯಲ್ಲಿ 4 ಲಕ್ಷದ ಹತ್ತಿರ ಹೋಗುವುದು ಇಂಥವೇ: ರಬ್ಬರ್, ಇಂಜೆಕ್ಟರ್, ಸೆನ್ಸರ್, ವೈರಿಂಗ್. ಬೋರ್, ಕ್ರ್ಯಾಂಕ್ ಅಷ್ಟು ಬೇಗ ಹೋಗುವುದಿಲ್ಲ, ಆಯಿಲ್ ಸಮಯಕ್ಕೆ ಹಾಕಿದ್ದರೆ. ಒಳ್ಳೆ ಎಂಜಿನ್ನಿನ ಎಷ್ಟು ಗಾಡಿಗಳನ್ನು ಒಂದು ಹೋಸಿಗಾಗಿ ಗುಜರಿಗೆ ಹಾಕಿದ್ದಾರೋ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕುಂಬಳೆ_ಸ್ವಿಫ್ಟ್

ಸರಿಯಾದದ್ದು ಒಳ್ಳೆಯದಾಯಿತು. ಆದರೂ ಚೈನ್ ಕಿಟ್ ಹಾಕಿಸಿ. 4 ಲಕ್ಷಕ್ಕೆ ಹಳೆ ಚೈನ್ ನಂಬಿ ಘಾಟಿ ಹತ್ತುವುದು ಬೇಡ.

ಬಂದರು_ಡೀಸೆಲ್

ಈ ಮಾತನ್ನು ನಾನೂ ಒಪ್ಪುತ್ತೇನೆ. ಈ ತೊಂದರೆಗೆ ಅದು ಕಾರಣ ಅಲ್ಲ, ಆದರೆ ಬದಲಿಸುವ ಸಮಯ ಆಗಿದೆ.

ಅಡಿಕೆ_ಬೊಲೆರೊ

10 ವರ್ಷ ಆದ ಡೀಸೆಲ್ ಓಡಿಸಬಾರದು ಅಂತ ನಿಯಮ ಇದೆಯಲ್ಲ, ಇದು 2010ರದ್ದು. ಖರ್ಚು ಮಾಡಿ ಏನು ಪ್ರಯೋಜನ?

ನೀರ್ಚಾಲು_ಓದುಗ

ಅದು ದೆಹಲಿ ಮತ್ತು ಸುತ್ತಮುತ್ತಲಿನ ಪ್ರದೇಶದ ನಿಯಮ. ನಮಗಿಲ್ಲ. ಇಲ್ಲಿ 15 ವರ್ಷಕ್ಕೆ ಪರೀಕ್ಷೆ ಮಾಡಿಸಿ ಆರ್‌ಸಿ ನವೀಕರಿಸಬೇಕು, ಮತ್ತೆ 5 ವರ್ಷ ಸಿಗುತ್ತದೆ. 2022ರ ಏಪ್ರಿಲ್‌ನಿಂದ ಕಾರಿಗೆ ಆ ಫೀಸು 600ರಿಂದ 5,000 ರೂಪಾಯಿ ಆಗಿದೆ. ಹಸಿರು ತೆರಿಗೆ ಬೇರೆ. ಹೊಗೆ ಇಲ್ಲದಿದ್ದರೆ, ತಳ ತುಕ್ಕು ಹಿಡಿಯದಿದ್ದರೆ ಹೆದರಬೇಕಾಗಿಲ್ಲ.

ಪೆರ್ಲ_ಡಿಸೈರ್

ನವೀಕರಣ ಆಗಿದೆ. ಚೈನ್ ಕಿಟ್‌ಗೆ ಮಂಗಳೂರಿನಲ್ಲಿ ಒರಿಜಿನಲ್ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.

ರಿಟ್ಜ್_ಆದೂರು

ನನ್ನ ರಿಟ್ಜ್‌ಗೂ ಇದೇ ಸಮಸ್ಯೆ. ಸ್ಟಾರ್ಟ್ ಆಗುವುದಿಲ್ಲ. ಇಂಜೆಕ್ಟರ್ ಬದಲಿಸಲಾ?

ಬಂದರು_ಡೀಸೆಲ್

ಬಿಸಿಯಲ್ಲೋ, ತಣ್ಣಗಿರುವಾಗಲೋ? ಸೆಲ್ಫ್ ತಿರುಗುತ್ತದಾ? ಎಷ್ಟು ಓಡಿದೆ? ಹೊಸ ಎಳೆ ತೆರೆದು ಬರೆಯಿರಿ, ನೋಡೋಣ.