ಬ್ಲೂಸ್ ಜೂನಿಯರ್ ತಗೊಳ್ಳೋದಾ, ಎಸಿ15 ತಗೊಳ್ಳೋದಾ? ನಮ್ಮ ಕಡೆ ಕರೆಂಟಿಗೆ ಯಾವುದು ತಡೀತದೆ?

ಬಳ್ಳಾರಿ_ಟೆಲಿ:

ಎಲ್ಲರಿಗೂ ನಮಸ್ಕಾರ. ಗಿಟಾರಿಗೆ ಎರಡು ಟ್ಯೂಬ್ ಆಂಪ್‌ಗಳಲ್ಲಿ (ವಾಲ್ವ್ ಹಾಕಿದ ಆಂಪ್ಲಿಫೈಯರ್) ಒಂದನ್ನು ಆರಿಸಬೇಕು: ಫೆಂಡರ್ ಬ್ಲೂಸ್ ಜೂನಿಯರ್ 4, ಇಲ್ಲವೇ ವಾಕ್ಸ್ ಎಸಿ15ಸಿ1. ಎರಡೂ 15 ವ್ಯಾಟ್. ಎರಡರಲ್ಲೂ 12 ಇಂಚಿನ ಒಂದು ಸೆಲೆಸ್ಟಿಯನ್ ಸ್ಪೀಕರ್, ಮೂರು 12ಎಎಕ್ಸ್7 (ಸಣ್ಣ ಸಿಗ್ನಲ್ ಹಿಗ್ಗಿಸೋ ಟ್ಯೂಬ್), ಒಂದು ಜೋಡಿ ಇಎಲ್84 (ಸ್ಪೀಕರಿಗೆ ಶಕ್ತಿ ಕೊಡೋ ಟ್ಯೂಬ್). ವಿವರ ಓದಿದರೆ ಅಣ್ಣ ತಮ್ಮ ಇದ್ದಂಗಿವೆ.

ಗಿಟಾರ್ ಟೆಲಿಕಾಸ್ಟರ್, ಮುಂದೆ ಒಂದು ಓವರ್‌ಡ್ರೈವ್ (ದನಿ ಒರಟು ಮಾಡೋ ಪೆಡಲ್), ಒಂದು ಡಿಲೇ (ಮರುದನಿ ಕೊಡೋ ಪೆಡಲ್). ವಾರಕ್ಕೆರಡು ದಿನ ಹಾಲ್‌ನಲ್ಲಿ ಡ್ರಮ್ಸ್ ಜೊತೆ ಪ್ರಾಕ್ಟೀಸ್. ಜಾತ್ರೆ, ಮದುವೆ ಸೀಸನ್‌ನಲ್ಲಿ ಕುರುಗೋಡು, ಸಿಂಧನೂರು, ಕುಷ್ಟಗಿ ಕಡೆ ಆರ್ಕೆಸ್ಟ್ರಾ. ಸಾಮಾನು ಟಾಟಾ ಏಸ್‌ನಲ್ಲಿ ಹೋಗ್ತದೆ. ಹಳೇ ಸಿನಿಮಾ ಹಾಡಿಗೆ ಸ್ವಚ್ಛ ಕ್ಲೀನ್ ಬೇಕು, ಕೊನೆ ಅರ್ಧ ಗಂಟೆ ಫಾಸ್ಟ್ ಹಾಡಿಗೆ ಸ್ವಲ್ಪ ಒರಟು ಬೇಕು. ಯಾವುದು ಹೊಂದುತ್ತೆ? ಬೇಸಿಗೆ ಬಿಸಿಲು, ಏರಿಳಿಯೋ ವೋಲ್ಟೇಜ್ ಎರಡನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ಗಂಗಾವತಿ_ಗಿಟಾರ್:

ಅಣ್ಣಾ, ಮೊದಲು ಒಂದು ತಪ್ಪು ತಿಳುವಳಿಕೆ ಬಿಡ್ರಿ. ಎಸಿ15ಕ್ಕ ನಾರ್ಮಲ್, ಟಾಪ್ ಬೂಸ್ಟ್ ಅಂತ ಎರಡು ಚಾನೆಲ್ ಅದಾವು ಖರೆ, ಆದ್ರ ಕಾಲಾಗ ಒತ್ತಿ ಒಂದರಿಂದ ಇನ್ನೊಂದಕ್ಕ ಹೋಗಾಕ ಬರಂಗಿಲ್ಲ. ಎರಡಕ್ಕೂ ಬ್ಯಾರೆ ಬ್ಯಾರೆ ಇನ್‌ಪುಟ್. ಫುಟ್‌ಸ್ವಿಚ್ ಹಚ್ಚಿದ್ರ ರಿವರ್ಬ್ (ಹಾಲ್‌ನಾಗಿನ ಮಾರ್ದನಿಯಂಥಾದ್ದು) ಮತ್ತ ಟ್ರೆಮೊಲೊ (ದನಿ ಅಲೆಯಂಗ ಏರಿಳಿಸೋದು) ಅಷ್ಟ ಆನ್ ಆಫ್ ಆಗ್ತಾವು. ಎರಡೂ ಚಾನೆಲ್ ಬೇಕಂದ್ರ ಎಬಿವೈ ಪೆಡಲ್ (ಗಿಟಾರ್ ಸಿಗ್ನಲ್ ಎರಡು ಕಡೆ ಕಳಿಸೋದು) ಒಂದು ಬ್ಯಾರೆ ತಗೋಬೇಕು. ಬ್ಲೂಸ್ ಜೂನಿಯರ್‌ಗೆ ಒಂದ ಚಾನೆಲ್. ಅದರ ಫುಟ್‌ಸ್ವಿಚ್ ಒತ್ತಿದ್ರ ಫ್ಯಾಟ್ ಅನ್ನೋದು ಆನ್ ಆಗ್ತೈತಿ: ಮಿಡ್ (ನಡುವಿನ ದನಿ) ಉಬ್ಬತೈತಿ, ಗೇನ್ (ಸಿಗ್ನಲ್ ಬಲ) ಏರತೈತಿ. ಸೋಲೊಕ್ಕ ಚೊಲೊ, ಆದ್ರ ಕ್ಲೀನ್‌ನಾಗಿಂದ ಡಿಸ್ಟಾರ್ಷನ್‌ಗೆ ಹೋಗೋವಷ್ಟು ವ್ಯತ್ಯಾಸ ಅಲ್ಲ.

ಎಫೆಕ್ಟ್ಸ್ ಲೂಪ್ (ಆಂಪ್ ಒಳಗ ನಡುವ ಪೆಡಲ್ ಸೇರಿಸೋ ಜಾಗ) ಎರಡಕ್ಕೂ ಇಲ್ಲ. ನಿಮ್ಮ ಡಿಲೇ ಇನ್‌ಪುಟ್ ಮುಂದನ ಕುಂದರಬೇಕು. ಆಂಪನ್ನ ಒಡೆಯೋಮಟ ತಿರುವಿ ಮುಂದ ಡಿಲೇ ಇಟ್ರ, ಮರುದನಿ ಎಲ್ಲಾ ಅದ ಒಡಕಿನೊಳಗ ಕಲಸಿ ಅಂಬಲಿ ಆಗ್ತೈತಿ. ಅದಕ್ಕ ಆಂಪ್ ಕ್ಲೀನ್ ಇಡ್ರಿ, ಒರಟು ಪೆಡಲ್‌ನಾಗ ತಗೀರಿ. ಓವರ್‌ಡ್ರೈವ್ ಮೊದಲು, ಡಿಲೇ ಆಮ್ಯಾಲ.

ಇನ್ನ ದನಿ. ಟೆಲಿ ಬ್ರಿಡ್ಜ್ ಪಿಕಪ್ ಮೊದಲ ಚೂಪು, ಟಾಪ್ ಬೂಸ್ಟ್ ಅದಕ್ಕಿಂತ ಚೂಪು. ಎರಡೂ ಕೂಡಿದ್ರ ಕಿವಿಗೆ ಸೂಜಿ ಚುಚ್ಚಿದಂಗ. ಅದನ್ನ ಪಳಗಿಸೋದು ಟೋನ್ ಕಟ್ ನಾಬ್. ಅದು ಉಲ್ಟಾ ಕೆಲಸ ಮಾಡ್ತೈತಿ: ಬಲಕ್ಕ ತಿರುವಿದಷ್ಟೂ ಮೇಲಿನ ದನಿ ಕಡಿಮಿ. ಗೊತ್ತಿಲ್ಲದವರು ಎಡಕ್ಕ ತಿರುವಿ, ಇನ್ನೂ ಚೂಪಾತಲ್ಲ ಅಂತಾರ. ವಾಕ್ಸ್‌ಗೆ ಮಿಡ್ ನಾಬ್ ಇಲ್ಲ. ಟ್ರೆಬಲ್, ಬಾಸ್ ಎರಡೂ ಇಳಿಸಿದ್ರ ನಡುವಿನ ದನಿ ತಾನ ಎದ್ದು ಬರತೈತಿ. ಗಡಿಯಾರದ ಮುಳ್ಳಿನ ಲೆಕ್ಕದಾಗ ಟ್ರೆಬಲ್ 11, ಬಾಸ್ 10, ಕಟ್ 1, ಮಾಸ್ಟರ್ ಪೂರ್ತಿ, ಟಾಪ್ ಬೂಸ್ಟ್ ವಾಲ್ಯೂಮ್ 9 ಇಟ್ಟು ಶುರು ಮಾಡ್ರಿ. ಬ್ಲೂಸ್ ಜೂನಿಯರ್‌ದಾಗ ನಾಬ್ ಮ್ಯಾಲಿನ ಅಂಕಿ ಲೆಕ್ಕ: ಮಾಸ್ಟರ್ 10, ವಾಲ್ಯೂಮ್ 3, ಟ್ರೆಬಲ್ 5, ಮಿಡ್ 6, ಬಾಸ್ 4, ಫ್ಯಾಟ್ ಆಫ್. ಇದರ ಡಬ್ಬಿ ಸಣ್ಣದು, ಬಾಸ್ ಹೆಚ್ಚು ಇಟ್ರ ಗುಂಯ್ ಅಂತೈತಿ.

ತೂಕ ಸಣ್ಣ ಮಾತಲ್ಲ. ಜೂನಿಯರ್ 14 ಕೆಜಿ ಚಿಲ್ರೆ, ಒಂದ ಕೈಯಾಗ ಸ್ಟೇಜ್ ಏರಬಹುದು. ವಾಕ್ಸ್ 22 ಕೆಜಿ. ಸಾಗಿಸೋ ಕೆಲಸನ ಹೆಚ್ಚಿದ್ರ ನನ್ನ ಓಟು ಜೂನಿಯರ್‌ಗೆ.

ರಾಯಚೂರು_ವಾಲ್ವ್:

ದನಿ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಆದರೆ ರಿಪೇರಿ ಬೆಂಚಿನ ಕಡೆಯಿಂದ ನೋಡಿದರೆ ನನ್ನ ಆಯ್ಕೆ ಎಸಿ15. ಕಾರಣ ಬಯಸ್, ಅಂದರೆ ಸುಮ್ಮನಿರುವಾಗ ಟ್ಯೂಬಿನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂದು ನಿಗದಿ ಮಾಡುವುದು.

ವಾಕ್ಸ್‌ನಲ್ಲಿ ಕ್ಯಾಥೋಡ್ ಬಯಸ್. ಟ್ಯೂಬಿನಲ್ಲಿ ಕರೆಂಟ್ ಹೆಚ್ಚಾದರೆ ಕ್ಯಾಥೋಡ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ಏರಿ, ಆ ಏರಿಕೆಯೇ ಟ್ಯೂಬಿಗೆ ಮೂಗುದಾರ ಆಗುತ್ತದೆ. ಹೊಸ ಜೋಡಿ ಹಾಕಿದಾಗ ತಿರುಗಿಸುವ ಕೆಲಸ ಇಲ್ಲ. ಜೂನಿಯರ್‌ನಲ್ಲಿ ಫಿಕ್ಸೆಡ್ ಬಯಸ್, ಸರಿಹೊಂದಿಸಲು ಪಾಟ್ (ತಿರುಗಿಸುವ ಸ್ಕ್ರೂ) ಕೊಟ್ಟಿಲ್ಲ. ಬೋರ್ಡ್ ಮೇಲಿನ ರೆಸಿಸ್ಟರ್ ಎಷ್ಟು ಕೊಡುತ್ತದೋ ಅಷ್ಟೇ. ಹಾಗಾಗಿ ಟ್ಯೂಬ್ ಬದಲಿಸಿದಾಗಲೆಲ್ಲ ಅಳೆಯಲೇಬೇಕು. ಲೆಕ್ಕ ಹೀಗೆ: ಇಎಲ್84 ಪ್ಲೇಟ್ (ಟ್ಯೂಬಿನೊಳಗಿನ ತಗಡು) ತಾಳುವುದು 12 ವ್ಯಾಟ್, ಅದರಲ್ಲಿ ಸುರಕ್ಷಿತವಾಗಿ ನೂರಕ್ಕೆ 70 ಅಂದರೆ 8.4. ಪ್ಲೇಟ್ ಮೇಲೆ 330 ವೋಲ್ಟ್ ಸಿಕ್ಕರೆ 8.4 ಅನ್ನು 330ರಿಂದ ಭಾಗಿಸಿ: ಒಂದು ಟ್ಯೂಬಿಗೆ 25 ಮಿಲಿ ಆಂಪಿಯರ್. ಅದೇ ಪ್ಲೇಟ್ ವೋಲ್ಟೇಜಿನಲ್ಲಿ 36 ಮುಟ್ಟಿದರೆ 12 ವ್ಯಾಟ್ ತುಂಬಿತು. ಅಲ್ಲಿಂದ ಮುಂದೆ ಪ್ಲೇಟ್ ಕೆಂಪಾಗುತ್ತದೆ, ಕೋಣೆ ದೀಪ ಆರಿಸಿ ನೋಡಿದರೆ ಬೂದು ತಗಡಿನ ಮಧ್ಯೆ ಕೆಂಡದ ಕಲೆ ಕಾಣುತ್ತದೆ. ಕಂಡ ಕೂಡಲೇ ಆಫ್ ಮಾಡಬೇಕು. ಈ ಅಳತೆ ಬಲ್ಲವರೇ ಮಾಡಲಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು.

ಬಿಸಿಲಿಗೆ ಟ್ಯೂಬ್ ಹೆದರುವುದಿಲ್ಲ. ಹೆದರಬೇಕಾದದ್ದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಶಾಖ 10 ಡಿಗ್ರಿ ಹೆಚ್ಚಾದರೆ ಅದರ ಆಯುಸ್ಸು ಸುಮಾರು ಅರ್ಧ. ಜೂನಿಯರ್‌ನಲ್ಲಿ ಟ್ಯೂಬ್‌ಗಳು ಚಾಸಿಗೆ ತಲೆಕೆಳಗಾಗಿ ನೇತಾಡುತ್ತವೆ, ಕಾವು ನೇರ ಮೇಲಿನ ಬೋರ್ಡಿಗೆ ಏರುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 40 ದಾಟಿರುವಾಗ ಹಿಂಬದಿ ಗೋಡೆಗೆ ಒತ್ತಿ ಇಟ್ಟರೆ ಕೆಟ್ಟಿತು. ಕನಿಷ್ಠ ಒಂದು ಗೇಣು ಬಿಡಿ, ಸಣ್ಣ ಟೇಬಲ್ ಫ್ಯಾನ್ ಹಿಂದಿನಿಂದ ಬಿಟ್ಟರೆ ಇನ್ನೂ ಒಳ್ಳೆಯದು. ಜೂನಿಯರ್‌ಗೆ ಸ್ಟ್ಯಾಂಡ್‌ಬೈ ಸ್ವಿಚ್ ಇಲ್ಲ, ವಾಕ್ಸ್‌ಗೆ ಇದೆ. ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಈಗ ವೋಲ್ಟೇಜ್. ಎರಡೂ ಆಂಪ್‌ಗೆ ಇದು ಒಂದೇ. ಟ್ಯೂಬಿನ ಹೀಟರ್‌ಗೆ ಬೇಕಾದದ್ದು 6.3 ವೋಲ್ಟ್, ಹೆಚ್ಚುಕಡಿಮೆ ನೂರಕ್ಕೆ 10. 230ರ ಆಂಪಿಗೆ 253 ಬಂದರೆ ಹೀಟರ್ 6.93, ಅದೇ ಮೇಲಿನ ಗಡಿ. ಮಲ್ಟಿಮೀಟರ್ ಹಿಡಿದು ಬೆಳಿಗ್ಗೆ, ಸಂಜೆ, ರಾತ್ರಿ 11ಕ್ಕೆ ಅಳೆಯಿರಿ. ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರೂ ಬರೆದು ಇಲ್ಲಿ ಹಾಕಿ. ಆಮೇಲೆ ಮಾತಾಡೋಣ. ಸೆಕೆಂಡ್‌ಹ್ಯಾಂಡ್ ನೋಡುತ್ತಿದ್ದರೆ ಆಂಪಿನ ಹಿಂಬದಿಯ ಫಲಕ ಓದಿ. 120 ವೋಲ್ಟ್ ಎಂದಿದ್ದರೆ ಅದು ಅಮೆರಿಕದಿಂದ ಬಂದದ್ದು, ನೇರ ಚುಚ್ಚಿದರೆ ಮುಗಿಯಿತು.

ಗಂಗಾವತಿ_ಗಿಟಾರ್:

ಒಂದು ಮಾತು ಬಿಟ್ಟಿದ್ದೆ. 15 ವ್ಯಾಟ್ ಸಾಲಂಗಿಲ್ಲ, 30 ಬೇಕು ಅಂತ ಅಂಗಡ್ಯಾಗ ಹೇಳಿದ್ರ ನಂಬಬ್ಯಾಡ್ರಿ. ವ್ಯಾಟ್ ದುಪ್ಪಟ್ಟಾದ್ರ ಏರೋದು 3 ಡೆಸಿಬೆಲ್ ಅಷ್ಟ. ಬಯಲಿನ ಪೆಂಡಾಲ್‌ನಾಗ 30 ಇದ್ರೂ ಮೈಕ್ ಇಡಬೇಕು. ಎಸ್‌ಎಂ57 ಮೈಕ್ ಜಾಳಿಗೆಯಿಂದ ಎರಡು ಬೆರಳು ದೂರ, ಸ್ಪೀಕರ್ ನಡುವಿನ ಟೋಪಿಯ ಅಂಚಿಗೆ ಗುರಿ. ನಟ್ಟನಡುವ ಇಟ್ರ ಚೂಪು, ಹೊರಗ ಸರಿಸಿದಷ್ಟೂ ಮಂದ. ಮತ್ತ ಆಂಪನ್ನ ಕುರ್ಚಿ ಮ್ಯಾಲ ಇಡ್ರಿ. ನೆಲದ ಮ್ಯಾಲ ಇದ್ರ ದನಿ ಮೊಣಕಾಲಿಗೆ ಕೇಳತೈತಿ, ಕಿವಿಗೆ ಅಲ್ಲ. ಮಂದ ಅನ್ನಿಸಿ ಟ್ರೆಬಲ್ ಏರಿಸ್ತೀರಿ, ಮುಂದ ಕುಂತವರು ಕಿವಿ ಮುಚ್ಚಿಕೋತಾರ.

ಸಂಡೂರು, ಹೊಸಪೇಟೆ ರಸ್ತೆ ಅದಿರು ದೂಳಿಗೆ ದಪ್ಪ ಬಟ್ಟೆ ಕವರ್ ಹೊಲಿಸ್ರಿ, ಆದ್ರ ಆಂಪ್ ಪೂರ್ತಿ ಆರಿದ ಮ್ಯಾಲ ಹಾಕ್ರಿ. ಬಿಸಿ ಟ್ಯೂಬ್ ಇದ್ದಾಗ ಏಸ್‌ನಾಗ ಏರಿಸಿ ಕುಲುಕಿದ್ರ ಒಳಗಿನ ತಂತಿ ಸಡಿಲ ಆಗ್ತಾವು. 15 ನಿಮಿಷ ಬಿಡ್ರಿ.

ಬಳ್ಳಾರಿ_ಟೆಲಿ:

ಧನ್ಯವಾದ ಇಬ್ಬರಿಗೂ. ಅಳೆದೆ. ಪ್ರಾಕ್ಟೀಸ್ ಹಾಲ್: ಬೆಳಿಗ್ಗೆ 248, ಸಂಜೆ 7ಕ್ಕೆ 187, ರಾತ್ರಿ 11ಕ್ಕೆ 239. ನ್ಯೂಟ್ರಲ್–ಅರ್ತ್ ಸಂಜೆ ಹೊತ್ತು 14 ವೋಲ್ಟ್. ಇದು ಸರಿನಾ? 2 ಕೆವಿಎ ರಿಲೇ ಸ್ಟೆಬಿಲೈಜರ್ ಒಂದು ಇದೆ, ಅದು ಸಾಕಾ?

ರಾಯಚೂರು_ವಾಲ್ವ್:

248ಕ್ಕೆ ಹೀಟರ್ 6.8, ಗಡಿಯ ಒಳಗೇ ಇದೆ. 187 ಆಂಪನ್ನು ಸುಡುವುದಿಲ್ಲ, ಸೊರಗಿಸುತ್ತದೆ: ಹೀಟರ್ 5.1ಕ್ಕೆ ಇಳಿಯುತ್ತದೆ, ನಿಮ್ಮ 15 ವ್ಯಾಟ್ ಸುಮಾರು 10 ಆಗುತ್ತದೆ, ಕ್ಲೀನ್ ಬೇಕಾದ ಕಡೆ ದನಿ ಬೇಗ ಒಡೆಯುತ್ತದೆ. ಸಂಜೆ ಹೊತ್ತು ದನಿ ಕೆಟ್ಟಿತೆಂದು ಹೊಸ ಟ್ಯೂಬ್ ತರುವವರಿದ್ದಾರೆ, ಟ್ಯೂಬಿನದು ತಪ್ಪಿರುವುದಿಲ್ಲ. ರಿಲೇ ಸ್ಟೆಬಿಲೈಜರ್ ಜೀವ ಉಳಿಸುತ್ತದೆ, ಆದರೆ ಟಕ್ ಟಕ್ ಎಂದು ಮೆಟ್ಟಿಲು ಬದಲಿಸುವಾಗ ಸ್ಪೀಕರ್‌ನಲ್ಲಿ ಪಟ್ ಎಂದು ಕೇಳುತ್ತದೆ. ಸರ್ವೊ ಮಾದರಿ (ಮೋಟಾರಿನಿಂದ ವೋಲ್ಟೇಜ್ ನಯವಾಗಿ ಸರಿಪಡಿಸುವುದು) ತಗೊಳ್ಳಿ. ಒಂದು ಆಂಪ್, ಪೆಡಲ್‌ಗಳಿಗೆ 1 ಕೆವಿಎ ಧಾರಾಳ. ಹೈ ವೋಲ್ಟೇಜ್ ಕಟ್ ಆಫ್ ಇರಲೇಬೇಕು. ಸರ್ವೊದ ಮೋಟಾರು ನಿಧಾನ, ಪೆಂಡಾಲ್‌ನಲ್ಲಿ ನ್ಯೂಟ್ರಲ್ ಕಡಿದರೆ ನಿಮ್ಮ ಫೇಸ್ ಒಂದೇ ಕ್ಷಣಕ್ಕೆ 400ರ ಹತ್ತಿರ ಹೋಗಬಹುದು. ಆಗ ಉಳಿಸುವುದು ಕಟ್ ಆಫ್ ಮಾತ್ರ. ಜನರೇಟರ್ ಇದ್ದರೆ ಲೈಟು, ಸೌಂಡು ಎಲ್ಲ ಹಚ್ಚಿ ಮೀಟರಿನ ಅಂಕಿ ಅಲುಗದೆ ನಿಂತ ಮೇಲೆ ಆಂಪ್ ಆನ್ ಮಾಡಿ, ನಿಲ್ಲಿಸುವ ಮೊದಲು ನಿಮ್ಮದೇ ಮೊದಲು ಆಫ್ ಮಾಡಿ. ಆಂಪಿನ ಪ್ಲಗ್ ಮಿಕ್ಸರ್ ಇರುವ ಬೋರ್ಡಿನಲ್ಲೇ ಇರಲಿ.

ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನ ಸ್ಲೋ ಬ್ಲೋ (ನಿಧಾನ ಕರಗುವ) ಫ್ಯೂಸೇ ಹಾಕಿ. ತಾಮ್ರದ ಎಳೆ ಸುತ್ತಿದರೆ ಶಾರ್ಟ್ ಆದ ಇಎಲ್84 ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದೊಯ್ಯುತ್ತದೆ. ಸ್ಪೀಕರ್ ವೈರ್ ಕಿತ್ತಿರುವಾಗ ಆಂಪ್ ಬಾರಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಚೀಲದಲ್ಲಿ ಒಂದು 12ಎಎಕ್ಸ್7, ಒಂದು ಮ್ಯಾಚ್ ಮಾಡಿದ ಇಎಲ್84 ಜೋಡಿ ಇರಲಿ. ಕಿಣಿಕಿಣಿ, ಕೂಗು ಬಂದರೆ ಪೆನ್ಸಿಲ್‌ನಿಂದ ಒಂದೊಂದೇ ಟ್ಯೂಬ್ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಟ್ಟಿಯಾಗಿ ಕೇಳಿಸಿದ್ದೇ ಕಳ್ಳ.

ಈಗ ನಿಜವಾಗಿ ಹೆದರಿಸುವ ಅಂಕಿ 14. ನ್ಯೂಟ್ರಲ್–ಅರ್ತ್ 2-3 ವೋಲ್ಟ್ ಮೀರಬಾರದು. ಒಂದೋ ನ್ಯೂಟ್ರಲ್ ಜಾಯಿಂಟ್ ಸಡಿಲ, ಇಲ್ಲವೇ ಅರ್ತ್ ಒಣಗಿದೆ. ಗಿಟಾರ್ ತಂತಿ ಆಂಪ್ ಚಾಸಿಗೆ ಸೇರಿರುತ್ತದೆ, ಹಾಡುವವರ ಮೈಕ್ ಮಿಕ್ಸರ್‌ಗೆ. ಎರಡರ ಅರ್ತ್ ಬೇರೆಯಾದರೆ ಮಧ್ಯದಲ್ಲಿರುವುದು ನಿಮ್ಮ ಕೈ ಮತ್ತು ತುಟಿ. ಹಮ್ (ಗುಂಯ್ ಸದ್ದು) ಬಂತೆಂದು ಪ್ಲಗ್ಗಿನ ಮೂರನೇ ಪಿನ್ ಯಾವತ್ತೂ ಕತ್ತರಿಸಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡಿನ ನ್ಯೂಟ್ರಲ್ ಬಿಗಿ ಮಾಡಿಸಿ, ಅರ್ತ್ ಅಳೆಸಿ, 5 ಓಮಿನ ಒಳಗೆ ಬರಲಿ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಅರ್ತ್ ಪೈಪಿಗೂ ಮಣ್ಣಿಗೂ ಸಂದಿ ಬೀಳುತ್ತದೆ. ಎರಡೂವರೆ ಮೀಟರ್ ಜಿಐ ಪೈಪ್, ಸುತ್ತ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ, ಫೆಬ್ರುವರಿಯಿಂದ ವಾರಕ್ಕೊಮ್ಮೆ ಎರಡು ಕೊಡ ನೀರು ಹುಯ್ಯಿರಿ. ನಿಮ್ಮ ಎಕ್ಸ್‌ಟೆನ್ಷನ್ ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಒತ್ತಿ ನೋಡಿ.

ಬಳ್ಳಾರಿ_ಟೆಲಿ:

ಹಾಗಾದರೆ ಮೊದಲು ಅರ್ತ್, ಆಮೇಲೆ ಸರ್ವೊ. ಅಷ್ಟಾದ ಮೇಲೆ ಉಳಿದ ದುಡ್ಡಲ್ಲಿ ಆಂಪ್. ಏಸ್‌ಗೆ ಏರಿಸಿ ಇಳಿಸೋದು ಹೆಚ್ಚಿರೋದ್ರಿಂದ ಮನಸ್ಸು ಜೂನಿಯರ್ ಕಡೆ ವಾಲಿದೆ. ಹೊಸ ಟ್ಯೂಬ್ ಹಾಕಿಸೋವಾಗ ಬಯಸ್ ಅಳತೆ ರಾಯಚೂರಲ್ಲೇ ಮಾಡಿಸಬಹುದಾ ಸರ್?

ರಾಯಚೂರು_ವಾಲ್ವ್:

ಮಾಡಬಹುದು. ತರುವಾಗ ಹಳೇ ಜೋಡಿಯನ್ನೂ ತನ್ನಿ, ಎಸೆಯಬೇಡಿ. ಹೊಸದರ ಕರೆಂಟ್ ಜೊತೆ ಹೋಲಿಸಿ ನೋಡಿದರೆ ಯಾವುದು ದಣಿದಿದೆ, ಎಷ್ಟು ದಣಿದಿದೆ ಎಂದು ಅಲ್ಲೇ ತಿಳಿಯುತ್ತದೆ.