ಸಹಕಾರ ಓದಲಾ, ಸಂಘರ್ಷ ಓದಲಾ? ಎಂಎ ಪ್ರಬಂಧಕ್ಕೆ ಸಲಹೆ ಬೇಕು

ವಿಜಯನಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರ ಎಂಎ ಎರಡನೇ ವರ್ಷದಲ್ಲಿದ್ದೇನೆ. ಪ್ರಬಂಧಕ್ಕೆ ಭಾರತ–ಪಾಕಿಸ್ತಾನ ಸಂಬಂಧ ತಗೊಂಡಿದ್ದೇನೆ. ಸಹಕಾರ ಅಥವಾ ಸಂಘರ್ಷ, ಯಾವುದಾದರೂ ಒಂದನ್ನು ಹಿಡಿ ಎಂದು ಗೈಡ್ ಹೇಳಿದ್ದಾರೆ. ನನಗೆ ಆಗುತ್ತಿಲ್ಲ.

ಕ್ಲಾಸಿನಲ್ಲಿ ಕಲಿತದ್ದು ಇಷ್ಟು: ದೇಶಗಳ ತಲೆ ಮೇಲೆ ಸರ್ಕಾರ ಇಲ್ಲ, ಪೊಲೀಸರಿಲ್ಲ, ಹಾಗಾಗಿ ಯಾರೂ ಯಾರನ್ನೂ ನಂಬುವುದಿಲ್ಲ. ಆದರೆ 1988ರಲ್ಲಿ ಇವೆರಡೂ ಒಂದು ಒಪ್ಪಂದ ಮಾಡಿಕೊಂಡವು. ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ. 1992ರಿಂದ ಪ್ರತಿ ಜನವರಿ 1ರಂದು ಆ ಸ್ಥಾವರಗಳ ಪಟ್ಟಿ ಕೊಟ್ಟು ತಗೊಳ್ಳುತ್ತವೆ. ಕಾರ್ಗಿಲ್ ಯುದ್ಧ ಮುಗಿದು ಆರು ತಿಂಗಳೂ ಆಗಿರಲಿಲ್ಲ, 2000ದ ಜನವರಿಯಲ್ಲೂ ಪಟ್ಟಿ ಹೋಯಿತು, ಬಂತು. ಇದನ್ನು ಯಾವ ಅಧ್ಯಾಯದಲ್ಲಿ ಬರೆಯಲಿ?

ಮೇಷ್ಟ್ರು, ಜಯನಗರ:
ನೋಡಮ್ಮ, ಎರಡನ್ನೂ ಬೇರೆ ಮಾಡಲು ಹೋಗಬೇಡ. ಜಗಳವೇ ಇಲ್ಲದವರಿಗೆ ಒಪ್ಪಂದ ಯಾಕೆ ಬೇಕು? ಯಾವುದಾದರೂ ಒಂದು ಒಪ್ಪಂದ ಹಿಡಿದು ವರ್ಷದಿಂದ ವರ್ಷಕ್ಕೆ ಅದರ ಹಿಂದೆಯೇ ಹೋಗು.

ನಾನಾಗಿದ್ದರೆ ಸಿಂಧೂ ನದಿ ಒಪ್ಪಂದ ತಗೊಳ್ಳುತ್ತಿದ್ದೆ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ, ಅಯೂಬ್ ಖಾನ್ ಸಹಿ ಹಾಕಿದರು. ನಡುವೆ ನಿಂತು ಮಾತಾಡಿಸಿದ್ದು ವಿಶ್ವಬ್ಯಾಂಕ್. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೀಲಂ, ಚಿನಾಬ್ ಬಹುಪಾಲು ಅವರಿಗೆ. ಅಂದರೆ ನೀರನ್ನಲ್ಲ, ನದಿಗಳನ್ನೇ ಹಂಚಿಕೊಂಡರು. ಮಳೆ ಬರಲಿ ಬಿಡಲಿ, ದಿನಾ ಪಾಲಿನ ಲೆಕ್ಕಕ್ಕೆ ಕಿತ್ತಾಡುವುದು ತಪ್ಪಿತು.

9ನೇ ವಿಧಿಯನ್ನು ಮಾತ್ರ ನಿಧಾನವಾಗಿ ಓದು. ನನಗೆ ಬಹಳ ಇಷ್ಟವಾದ ಭಾಗ ಅದು. ತಕರಾರಿಗೆ ಮೂರು ಮೆಟ್ಟಿಲು ಕಟ್ಟಿದ್ದಾರೆ. ಮೊದಲು ಅದು ಬರೀ 'ಪ್ರಶ್ನೆ'. ಎರಡೂ ಕಡೆಯ ಸಿಂಧೂ ಆಯುಕ್ತರು, ಅಂದರೆ ಈ ಒಪ್ಪಂದ ನೋಡಿಕೊಳ್ಳಲು ಎರಡೂ ದೇಶ ನೇಮಿಸಿದ ಅಧಿಕಾರಿಗಳು, ಕೂತು ಮಾತಾಡಬೇಕು. ಬಗೆಹರಿಯದಿದ್ದರೆ 'ಭಿನ್ನಾಭಿಪ್ರಾಯ', ಆಗ ತಟಸ್ಥ ತಜ್ಞರು ನೋಡುತ್ತಾರೆ. ಅದಕ್ಕೂ ಮೇಲೆ 'ವಿವಾದ', ಅದು ಮಧ್ಯಸ್ಥಿಕೆ ನ್ಯಾಯಮಂಡಳಿಗೆ. ಚಿನಾಬ್ ಮೇಲೆ ಭಾರತ ಕಟ್ಟಿದ ಬಾಗ್ಲಿಹಾರ್ ಅಣೆಕಟ್ಟಿನ ತಕರಾರು ತಜ್ಞರ ತನಕ ಹೋಗಿ 2007ರಲ್ಲಿ ತೀರ್ಮಾನ ಆಯಿತು. ಭಾರತದ ಕಿಶನ್‌ಗಂಗಾ ಜಲವಿದ್ಯುತ್ ಯೋಜನೆಯ ತಕರಾರು ಮೂರನೇ ಮೆಟ್ಟಿಲು ಹತ್ತಿ 2013ರಲ್ಲಿ ಕೊನೆಯ ತೀರ್ಪು ಬಂತು. 1965, 1971, ಕಾರ್ಗಿಲ್ ಯುದ್ಧಗಳಲ್ಲೂ ಒಪ್ಪಂದ ಉಳಿದಿತ್ತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಮರುದಿನ, ಭಾರತ ಅದನ್ನು ಅಮಾನತಿನಲ್ಲಿ ಇಟ್ಟಿತು. ಮೂರು ಯುದ್ಧ ತಡೆದುಕೊಂಡದ್ದು ಈಗ ಯಾಕೆ ನಿಂತಿತು? ನಿನ್ನ ಪ್ರಬಂಧದ ಪ್ರಶ್ನೆ ಇದೇ ಅಲ್ವಾ?

ಮದ್ದೂರಿನವನು:
ಮೇಷ್ಟ್ರೇ, ನದಿ ಹಂಚುವುದು, ನೀರು ಹಂಚುವುದು ಬೇರೆ ಬೇರೆ ಅಂದಿರಲ್ಲ, ಅದು ನಮಗೆ ಚೆನ್ನಾಗಿ ಗೊತ್ತು. ಕಾವೇರಿ ಒಂದೇ ನದಿ, ನೀರನ್ನೇ ಹಂಚಬೇಕು. ಒಳ್ಳೆ ಮಳೆ ಆದ ವರ್ಷ ಯಾರೂ ಮಾತಾಡುವುದಿಲ್ಲ. ಮಳೆ ಕೈಕೊಟ್ಟರೆ ಸಂಕಷ್ಟ ಸೂತ್ರ, ಅಂದರೆ ಕೊರತೆಯ ವರ್ಷ ನೀರು ಹೇಗೆ ಹಂಚಬೇಕು ಅನ್ನುವ ಲೆಕ್ಕ, ಎಲ್ಲಿ ಅಂತ ಶುರು.

ಮೇಡಂ, ನಮ್ಮಲ್ಲಿ ಮೇಲೆ ಸುಪ್ರೀಂ ಕೋರ್ಟ್ ಇದೆ. 2018ರಲ್ಲಿ ತೀರ್ಪು ಕೊಟ್ಟು ಕರ್ನಾಟಕಕ್ಕೆ 284.75 ಟಿಎಂಸಿ ಅಂದಿತು. ಆದರೂ 2016ರ ಸೆಪ್ಟೆಂಬರ್‌ನಲ್ಲಿ ಮೈಸೂರು ರಸ್ತೆ ಕಡೆ ಬಸ್ಸು ಸುಟ್ಟಾಗ ಕೋರ್ಟ್ ಇತ್ತಲ್ಲ? ಮೇಲೆ ಯಜಮಾನ ಇದ್ದರೆ ಜಗಳ ಇಲ್ಲ ಅನ್ನುವುದು ಅಷ್ಟು ಸುಲಭವಲ್ಲ. 2003ರಲ್ಲಿ ಎರಡೂ ರಾಜ್ಯದ ರೈತರು 'ಕಾವೇರಿ ಕುಟುಂಬ' ಅಂತ ಮಾಡಿಕೊಂಡು ಒಟ್ಟಿಗೆ ಕೂತಿದ್ದರು. ಅವರಿಗೆ ಯಾವ ಕೋರ್ಟೂ ಹೇಳಿರಲಿಲ್ಲ. ನಮ್ಮ ದೊಡ್ಡಪ್ಪ ಈಗಲೂ ತಂಜಾವೂರಿನ ರೈತರ ವಿಷಯ ಬಂದರೆ 'ಅವರೂ ಬೆಳೆ ಒಣಗಿಸಿಕೊಂಡವರೇ' ಅನ್ನುತ್ತಾರೆ.

ವಿಜಯನಗರದ ಹುಡುಗಿ:
ಮೇಷ್ಟ್ರೇ, 9ನೇ ವಿಧಿಯ ಪ್ರಿಂಟ್ ತಗೊಂಡು ಮೆಟ್ರೋದಲ್ಲೇ ಎರಡು ಸಲ ಓದಿದೆ. ಮೆಟ್ಟಿಲಿಗೊಂದು ಅಧ್ಯಾಯ ಮಾಡುತ್ತೇನೆ. ಗೈಡ್ ಹತ್ತಿರ ಸೋಮವಾರ ಮಾತಾಡುತ್ತೇನೆ.

ಮದ್ದೂರಿನ ಅಣ್ಣ, ದೊಡ್ಡಪ್ಪನವರ ಜೊತೆ ಒಂದು ಗಂಟೆ ಕೂತು ಮಾತಾಡಬಹುದಾ? ಭಾನುವಾರ ನಾನೇ ಬರುತ್ತೇನೆ.